ಮುಚ್ಚಿಹೋಗುವ ಮೊದಲು ನೋಡಬೇಕು: ಅಣುಸ್ಥಾವರದ ಕಾಮಗಾರಿಯಲ್ಲಿ ತಪಾಸಣೆ

ಅಣುವಿದ್ಯುತ್ ಸ್ಥಾವರ ಕಟ್ಟಲು ವರ್ಷಗಟ್ಟಲೆ ಬೇಕು, ಆದರೆ ಅದರ ಒಂದೊಂದು ಭಾಗವನ್ನು ನೋಡಲು ಸಿಗುವ ಹೊತ್ತು ಬಹಳ ಕಡಿಮೆ. ಕಂಬಿ ಕಟ್ಟಿ ಮುಗಿದು ಕಾಂಕ್ರೀಟ್ ಬೀಳುವ ನಡುವೆ ಕೆಲವು ಗಂಟೆ. ವೆಲ್ಡಿಂಗ್‌ನ ಮೊದಲ ಪದರ ಬಿದ್ದು ಎರಡನೆಯದು ಅದನ್ನು ಮುಚ್ಚುವ ನಡುವೆ ಕೆಲವು ನಿಮಿಷ. ಆ ಹೊತ್ತು ತಪ್ಪಿದರೆ ಆಮೇಲೆ ಒಡೆದು ನೋಡಬೇಕು, ಇಲ್ಲವೇ ಕಾಗದ ನಂಬಬೇಕು. ಹಾಗಾಗಿ ತಪಾಸಕರಾದ ನಾವು ಪ್ರತಿ ಕೆಲಸದ ತಪಾಸಣೆ ಪಟ್ಟಿ ಬರೆಯುವಾಗ ಮೊದಲು ಕೇಳಿಕೊಳ್ಳುವುದು ಒಂದೇ: ಇದರಲ್ಲಿ ಯಾವುದು, ಯಾವಾಗ ಮುಚ್ಚಿಹೋಗುತ್ತದೆ?

ಗುಣಮಟ್ಟ ಯೋಜನೆಯಲ್ಲಿ ಪ್ರತಿ ಹಂತದ ಎದುರಿಗೂ ಒಂದು ಗುರುತು ಇರುತ್ತದೆ. ಹೋಲ್ಡ್ ಪಾಯಿಂಟ್ ಎಂದಿದ್ದರೆ ಸಹಿ ಬೀಳುವವರೆಗೆ ಕೆಲಸ ಮುಂದಕ್ಕೆ ಹೋಗುವಂತಿಲ್ಲ. ವಿಟ್ನೆಸ್ ಪಾಯಿಂಟ್ ಎಂದಿದ್ದರೆ ಕರೆಯಬೇಕು. ತಪಾಸಕ ಹೇಳಿದ ಹೊತ್ತಿಗೆ ಬಾರದಿದ್ದರೆ ಕೆಲಸ ಮುಂದುವರಿಸಬಹುದು. ರಿವ್ಯೂ ಎಂದಿದ್ದರೆ ದಾಖಲೆ ನೋಡಿದರೆ ಸಾಕು. ಗುತ್ತಿಗೆದಾರರ ಕ್ಯೂಸಿ (ಗುಣಮಟ್ಟ ನಿಯಂತ್ರಣ), ನಂತರ ಸ್ಥಾವರದ ಫೀಲ್ಡ್ ಎಂಜಿನಿಯರ್, ಕೊನೆಗೆ ಕ್ಯೂಎ (ಗುಣಮಟ್ಟ ಭರವಸೆ): ಈ ಕ್ರಮದಲ್ಲಿ ಸಹಿ ಬೀಳುತ್ತದೆ. ಇದೆಲ್ಲದರ ಮೇಲೆ 1983ರಲ್ಲಿ ಸ್ಥಾಪನೆಯಾದ ಅಣುಶಕ್ತಿ ನಿಯಂತ್ರಣ ಮಂಡಳಿ ಇದೆ. ನೆಲ ಅಗೆಯಲು, ಮೊದಲ ಕಾಂಕ್ರೀಟ್ ಹಾಕಲು, ದೊಡ್ಡ ಯಂತ್ರಗಳನ್ನು ಕೂರಿಸಲು ಹಂತ ಹಂತವಾಗಿ ಅದರ ಅನುಮತಿ ಬೇಕು. ಗುತ್ತಿಗೆದಾರರ ಕ್ಯೂಸಿ ಹುಡುಗ ತನ್ನ ಪ್ರಾಜೆಕ್ಟ್ ಮ್ಯಾನೇಜರಿಗೆ ವರದಿ ಮಾಡುವ ವ್ಯವಸ್ಥೆ ಇದ್ದರೆ ಅವನ ಸಹಿಗೆ ಬೆಲೆ ಇಲ್ಲ. ಅವನು ವರದಿ ಮಾಡಬೇಕಾದ್ದು ಸೈಟಿನ ಗಡುವಿಗೆ ಹೊಣೆಯಲ್ಲದವರಿಗೆ. ಸೈಟಿಗೆ ಹೋದ ಮೊದಲ ವಾರವೇ ನಾನು ನೋಡುವುದು ಇದನ್ನು.

ಕಂಬಿಯಿಂದ ಶುರು ಮಾಡೋಣ. ರಿಯಾಕ್ಟರ್ ಕಟ್ಟಡದ ಗೋಡೆಗಳಲ್ಲಿ ಕಂಬಿ ಎಷ್ಟು ದಟ್ಟವಾಗಿರುತ್ತದೆ ಎಂದರೆ ಕೈ ಒಳಗೆ ಹೋಗುವುದೂ ಕಷ್ಟ. ಎರಡು ಕಂಬಿಗಳ ನಡುವಿನ ಅಂತರ ಅಳೆದು ಒಪ್ಪಿಬಿಡಬಾರದು. ಒಂದು ಮೀಟರಿನಲ್ಲಿ ಎಷ್ಟು ಕಂಬಿ ಇವೆ ಎಂದು ಎಣಿಸಬೇಕು. ಅಂತರ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ ಇರಬಹುದು, ಎಣಿಕೆ ಕಡಿಮೆ ಇರುವಂತಿಲ್ಲ. ಎರಡು ಕಂಬಿಯ ತುದಿ ಸೇರಿಸುವ ಕಪ್ಲರ್ ಎಂಬ ಥ್ರೆಡ್ ಕೊಳವೆಯ ಜೋಡಣೆಯಲ್ಲಿ ಹೊರಗೆ ಕಾಣುವ ಥ್ರೆಡ್ ಎಣಿಸಿ, ಟಾರ್ಕ್ ವ್ರೆಂಚ್‌ನಿಂದ ಪರೀಕ್ಷಿಸಿ, ಒಪ್ಪಿದ್ದಕ್ಕೆ ಬಣ್ಣ ಬಳಿಯುತ್ತೇವೆ. ಥ್ರೆಡ್‌ಗೆ ಹಾಕಿದ ಪ್ಲಾಸ್ಟಿಕ್ ಟೋಪಿ ಬಿದ್ದುಹೋಗಿ ತುಕ್ಕು, ಸಿಮೆಂಟ್ ಹಾಲು ಹಿಡಿದಿದ್ದರೆ ಕಪ್ಲರ್ ಅರ್ಧಕ್ಕೇ ಬಿಗಿಯುತ್ತದೆ, ಆದರೂ ವ್ರೆಂಚ್ ಸರಿಯಾದ ಟಾರ್ಕ್ (ಬಿಗಿತ) ತೋರಿಸುತ್ತದೆ. ಅದಕ್ಕೇ ಥ್ರೆಡ್ ಎಣಿಕೆ ಮತ್ತು ಟಾರ್ಕ್ ಎರಡೂ ಬೇಕು. ಬೈಂಡಿಂಗ್ ವೈರಿನ ತುದಿ ಶಟರಿಂಗ್ ಕಡೆಗೆ ಚಾಚಿದ್ದರೆ ಒಳಕ್ಕೆ ಮಡಿಸಬೇಕು. ಹೊರಮೈಗೆ ತಾಗಿದ ಆ ಸಣ್ಣ ತಂತಿ ಮೊದಲು ತುಕ್ಕು ಹಿಡಿದು, ತೇವ ಒಳಗೆ ಹೋಗಲು ದಾರಿ ಮಾಡಿಕೊಡುತ್ತದೆ.

ಅತಿ ಹೆಚ್ಚು ತಂಟೆ ಕೊಡುವುದು ಎಂಬೆಡೆಡ್ ಪ್ಲೇಟುಗಳು, ಅಂದರೆ ಕಾಂಕ್ರೀಟಿನಲ್ಲಿ ಹೂಳುವ ಉಕ್ಕಿನ ಫಲಕಗಳು. ಮುಂದೆ ಪೈಪು, ಕೇಬಲ್ ಟ್ರೇಗಳ ಆಧಾರಗಳನ್ನೆಲ್ಲ ವೆಲ್ಡ್ ಮಾಡುವುದು ಇವಕ್ಕೇ. ಹಿಡಿತಕ್ಕೆಂದು ಪ್ಲೇಟಿನ ಹಿಂದೆ ಚಾಚಿದ ಲಗ್ಗುಗಳು ಕಂಬಿಗೆ ಅಡ್ಡ ಬರುತ್ತವೆ. ಮೇಸ್ತ್ರಿ ಕೇಳುವ ಮಾತು ಯಾವ ಸೈಟಿನಲ್ಲೂ ಒಂದೇ: "ಸಾರ್, ಒಂದೇ ಒಂದು ಕಂಬಿ ಅಡ್ಡ ಬರ್ತಿದೆ, ಕಟ್ ಮಾಡ್ಲಾ?" ಬೇಡ. ಕಂಬಿಯನ್ನು ಅಕ್ಕಪಕ್ಕ ಸರಿಸಿ ನೋಡಿ, ಆಗದಿದ್ದರೆ ಡಿಸೈನ್‌ನವರಿಂದ ಬರವಣಿಗೆಯಲ್ಲಿ ಉತ್ತರ ಬರಬೇಕು. ಗ್ಯಾಸ್ ಕಟರ್ ಹಚ್ಚಿದ ಗುರುತು ಕಂಡರೆ ಆ ಸುರಿತ, ಅಂದರೆ ಕಾಂಕ್ರೀಟ್ ಹಾಕುವುದೇ, ನಿಲ್ಲುತ್ತದೆ. ಪ್ಲೇಟಿನ ಮಟ್ಟ, ಲಂಬ, ಜಾಗ ಮೂರನ್ನೂ ಸರ್ವೇ ಉಪಕರಣವಾದ ಟೋಟಲ್ ಸ್ಟೇಷನ್‌ನಿಂದ ಸುರಿತದ ಮೊದಲೂ ನಂತರವೂ ಅಳೆಯುತ್ತೇವೆ, ಏಕೆಂದರೆ ಕಾಂಕ್ರೀಟಿನ ಒತ್ತಡಕ್ಕೆ ಪ್ಲೇಟು ತಿರುಗುತ್ತದೆ. ನೆಲದ ಮೇಲಿನ ದೊಡ್ಡ ಪ್ಲೇಟಿಗೆ ಗಾಳಿ ಹೋಗಲು ತೂತು ಇದೆಯೇ ನೋಡಿ. ಇಲ್ಲದಿದ್ದರೆ ಅಡಿಯಲ್ಲಿ ಗಾಳಿ ಸಿಕ್ಕಿ ಪೊಳ್ಳಾಗುತ್ತದೆ. ಆಮೇಲೆ ಸುತ್ತಿಗೆಯಿಂದ ಬಡಿದರೆ ಪೊಳ್ಳು ಜಾಗ ಟೊಳ್ಳು ತೆಂಗಿನಕಾಯಿಯ ಹಾಗೆ ಸದ್ದು ಮಾಡುತ್ತದೆ.

ಇನ್ನು ಕಾಂಕ್ರೀಟ್. ದಪ್ಪ ಸುರಿತಗಳಲ್ಲಿ ಸಿಮೆಂಟ್ ಗಟ್ಟಿಯಾಗುವಾಗ ಹುಟ್ಟುವ ಬಿಸಿ ಹೊರಗೆ ಹೋಗದೆ ಒಳಗೇ ಉಳಿಯುತ್ತದೆ. ತಿರುಳಿಗೂ ಮೇಲ್ಮೈಗೂ 20 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಬಿರುಕು ಕಾದಿದೆ ಎಂದೇ ತಿಳಿಯಬೇಕು. ಆದ್ದರಿಂದ ಹಾಕುವಾಗಲೇ ತಣ್ಣಗಿರಬೇಕು. ನೀರಿನ ಒಂದು ಪಾಲಿಗೆ ಬದಲಾಗಿ ಮಂಜುಗಡ್ಡೆಯ ಚೂರು ಹಾಕುತ್ತೇವೆ. ಲೆಕ್ಕ ಸರಳ: ಒಂದು ಘನ ಮೀಟರಿಗೆ 60 ಕಿಲೋ ಮಂಜುಗಡ್ಡೆ ಕರಗಿದರೆ ಕಾಂಕ್ರೀಟಿನ ತಾಪ ಸುಮಾರು 8 ಡಿಗ್ರಿ ಇಳಿಯುತ್ತದೆ. ಕರಾವಳಿಯ ಏಪ್ರಿಲ್ ತಿಂಗಳಲ್ಲಿ ಇಷ್ಟು ಸಾಲದು. ಜಲ್ಲಿ ರಾಶಿಗೆ ನೆರಳು ಮಾಡಬೇಕು, ನೀರು ಚಿಮುಕಿಸಬೇಕು, ಸುರಿತವನ್ನು ರಾತ್ರಿಗೆ ತಳ್ಳಬೇಕು. ಥರ್ಮಾಮೀಟರನ್ನು ಪ್ಲಾಂಟಿನಲ್ಲಿ ಒಮ್ಮೆ, ಸುರಿಯುವ ಜಾಗದಲ್ಲಿ ಇನ್ನೊಮ್ಮೆ ಇಡಿ. ಪಂಪಿನ ಉದ್ದ ಪೈಪು ಬಿಸಿಲಲ್ಲಿ ಕಾದಿದ್ದರೆ ಎರಡಕ್ಕೂ ನಡುವಿನ ವ್ಯತ್ಯಾಸ ಕಣ್ಣಿಗೆ ಹೊಡೆಯುತ್ತದೆ. ಪೈಪಿಗೆ ಒದ್ದೆ ಗೋಣಿ ಸುತ್ತಿದರೆ ಪರಿಹಾರ.

ಸ್ಲಂಪ್ (ಹಸಿ ಕಾಂಕ್ರೀಟಿನ ಸಡಿಲತೆಯ ಅಳತೆ) ಕಡಿಮೆ ಬಂದಾಗ ನೀರು ಸೇರಿಸುವ ಆಸೆಯೇ ದೊಡ್ಡ ಶತ್ರು. 6 ಘನ ಮೀಟರ್ ಟ್ರಾನ್ಸಿಟ್ ಮಿಕ್ಸರ್ ಲಾರಿಯಲ್ಲಿ, ಘನ ಮೀಟರಿಗೆ 400 ಕಿಲೋದಂತೆ, 2400 ಕಿಲೋ ಸಿಮೆಂಟ್ ಇರುತ್ತದೆ. ಚಾಲಕ 50 ಲೀಟರ್ ನೀರು ಬಿಟ್ಟರೆ ನೀರು-ಸಿಮೆಂಟ್ ಅನುಪಾತ 0.38 ಇದ್ದದ್ದು 0.40 ದಾಟುತ್ತದೆ. ಬಲ ಪರೀಕ್ಷೆಗೆ ಕ್ಯೂಬ್ (ಘನಾಕಾರದ ಮಾದರಿ) ತೆಗೆದದ್ದು ಅದಕ್ಕೆ ಮೊದಲಾಗಿದ್ದರೆ 28 ದಿನಗಳ ಫಲಿತಾಂಶ ಚೆನ್ನಾಗಿಯೇ ಬರುತ್ತದೆ, ಗೋಡೆ ಮಾತ್ರ ದುರ್ಬಲ. ಅದಕ್ಕಾಗಿ ನಾವು ಮಿಕ್ಸರಿನ ನೀರಿನ ಟ್ಯಾಂಕಿನ ಕವಾಟಕ್ಕೆ ಸೀಲ್ ಹಾಕುತ್ತೇವೆ. ಸ್ಲಂಪ್ ಬೇಕಿದ್ದರೆ ಲ್ಯಾಬಿನವರ ಎದುರು ಹದ ತರುವ ರಾಸಾಯನಿಕವಾದ ಅಡ್‌ಮಿಕ್ಸ್ಚರ್ ಸೇರಿಸಬಹುದು. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456ರ ಪ್ರಕಾರ 100 ಘನ ಮೀಟರಿಗೆ ಕನಿಷ್ಠ 5 ಸ್ಯಾಂಪಲ್, ಒಂದು ಸ್ಯಾಂಪಲ್ಲಿಗೆ 3 ಕ್ಯೂಬ್. ಮೂರರಲ್ಲಿ ಯಾವುದೊಂದೂ ಸರಾಸರಿಯಿಂದ ಶೇ 15ಕ್ಕಿಂತ ಆಚೀಚೆ ಹೋಗಬಾರದು. ಹೋದರೆ ಕಾಂಕ್ರೀಟಿಗಿಂತ ಮೊದಲು ಕ್ಯೂಬ್ ತುಂಬಿದವನ ಕೈಯನ್ನೂ ಅಚ್ಚಿನ ಅಂಚನ್ನೂ ಅನುಮಾನಿಸಬೇಕು.

ಸುರಿಯುವಾಗ 300ರಿಂದ 450 ಮಿಮೀ ಪದರ, ವೈಬ್ರೇಟರ್ ಸೂಜಿ ಕೆಳಗಿನ ಪದರದೊಳಕ್ಕೆ 100 ಮಿಮೀ ಇಳಿಯಲೇಬೇಕು. 60 ಮಿಮೀ ಸೂಜಿ ಹೋಗದ ಜಾಗಗಳನ್ನು ಹಿಂದಿನ ದಿನವೇ ಕಂಬಿಯ ಮೇಲೆ ಬಣ್ಣದಿಂದ ಗುರುತು ಮಾಡಿ, ಅಲ್ಲಿಗೆ 25 ಅಥವಾ 40 ಮಿಮೀ ಸೂಜಿಯ ಜೊತೆ ಒಬ್ಬನನ್ನು ಹೆಸರು ಹಿಡಿದು ನೇಮಿಸುತ್ತೇವೆ. ಹನಿಕೂಂಬ್, ಅಂದರೆ ಗಾರೆ ಹೋಗದೆ ಜಲ್ಲಿಯ ನಡುವೆ ಉಳಿದ ಪೊಳ್ಳು, ಬರುವುದು ನೂರಕ್ಕೆ ತೊಂಬತ್ತು ಪಾಲು ಇಂಥ ಜಾಗಗಳಲ್ಲೇ: ತೆರವುಗಳ ಮೂಲೆ, ಪ್ಲೇಟುಗಳ ಅಡಿ, ಕಪ್ಲರ್ ಸಾಲು. ಶಟರಿಂಗ್ ಬಿಚ್ಚುವಾಗ ತಪಾಸಕ ಅಲ್ಲೇ ಇರಬೇಕು. ಇಲ್ಲದಿದ್ದರೆ ಬೆಳಗ್ಗೆ ಬರುವಷ್ಟರಲ್ಲಿ ಹನಿಕೂಂಬ್ ಮೇಲೆ ಗಾರೆ ಮೆತ್ತಿ ಆಗಿರುತ್ತದೆ. ಮೆತ್ತಿದ ಜಾಗ ಒಣಗುವಾಗ ಬಣ್ಣ ಬೇರೆಯಾಗುತ್ತದೆ. ಒದ್ದೆ ಮಾಡಿ ನೋಡಿದರೆ ಇನ್ನೂ ಸ್ಪಷ್ಟ.

ಪ್ರೀಸ್ಟ್ರೆಸಿಂಗ್, ಅಂದರೆ ಕಾಂಕ್ರೀಟಿನೊಳಗಿನ ಉಕ್ಕಿನ ಕೇಬಲನ್ನು ಎಳೆದು ಬಿಗಿಯುವ ಕೆಲಸ, ಮಾಡುವ ಪ್ರತಿಯೊಬ್ಬರೂ ತಿಳಿದಿರಬೇಕಾದ ಘಟನೆ ನಮ್ಮ ಉತ್ತರ ಕನ್ನಡದ್ದೇ. 1994ರ ಮೇ 13ರಂದು ಕೈಗಾದ ಒಂದನೇ ಘಟಕದಲ್ಲಿ, ಕಟ್ಟುವ ಹಂತದಲ್ಲಿದ್ದ ಒಳ ಗುಮ್ಮಟದ ಕಾಂಕ್ರೀಟ್ ಪದರವಾಗಿ ಬಿಟ್ಟು ಸುಮಾರು 130 ಟನ್ ಕೆಳಕ್ಕೆ ಬಿತ್ತು. ಬಾಗಿದ ಕೇಬಲನ್ನು ಎಳೆದಾಗ ಅದು ನೇರವಾಗಲು ಹೋಗಿ ಒಳಬದಿಯ ಕಾಂಕ್ರೀಟನ್ನು ಕೆಳಕ್ಕೆ ತಳ್ಳುತ್ತದೆ. ಕೇಬಲ್ ಹೋಗುವ ಕೊಳವೆಗಳು (ಡಕ್ಟುಗಳು) ಒತ್ತೊತ್ತಾಗಿ ಒಂದೇ ಮಟ್ಟದಲ್ಲಿದ್ದರೆ ಆ ಮಟ್ಟದಲ್ಲಿ ಉಳಿಯುವ ಕಾಂಕ್ರೀಟ್ ತೀರ ಕಡಿಮೆ. ಮೇಲಿನ ಮತ್ತು ಕೆಳಗಿನ ಪದರಗಳನ್ನು ಹಿಡಿದಿಡುವ ಅಡ್ಡ ಕಂಬಿ ಇಲ್ಲದಿದ್ದರೆ ಅಲ್ಲಿಯೇ ಬಿಚ್ಚಿಕೊಳ್ಳುತ್ತದೆ. ಗುಮ್ಮಟವನ್ನು ಮತ್ತೆ ವಿನ್ಯಾಸ ಮಾಡಿ, ಆ ಅಡ್ಡ ಕಂಬಿಗಳನ್ನು ಸೇರಿಸಿ, ಸಿಲಿಕಾ ಫ್ಯೂಮ್ ಎಂಬ ಅತಿ ನುಣ್ಣನೆಯ ಪುಡಿ ಹಾಕಿದ, ಎಂ-60 ಎಂಬ ಹೆಚ್ಚು ಬಲದ ಕಾಂಕ್ರೀಟಿನಲ್ಲಿ ಕಟ್ಟಲಾಯಿತು. ಘಟಕ ವಾಣಿಜ್ಯ ಉತ್ಪಾದನೆಗೆ ಬಂದದ್ದು 2000ದ ನವೆಂಬರಿನಲ್ಲಿ. ಅದೇ ಘಟಕ ಮುಂದೆ 2018ರ ಕೊನೆಯವರೆಗೆ ಸತತ 962 ದಿನ ಓಡಿ ಆಗಿನ ವಿಶ್ವದಾಖಲೆ ಮಾಡಿತು.

ಮೂಲ ಕಾರಣ ವಿನ್ಯಾಸದಲ್ಲಿತ್ತು. ಹಾಗೆಂದು ತಪಾಸಕ ಕೈತೊಳೆದುಕೊಳ್ಳುವಂತಿಲ್ಲ. ಈಗ ನಾವು ಡಕ್ಟಿನ ಬಾಗು ರೇಖೆಯನ್ನು ಪ್ರತಿ ಆಧಾರದ ಬಳಿ ಅಳೆಯುತ್ತೇವೆ. ಎರಡು ಆಧಾರಗಳ ನಡುವೆ ಡಕ್ಟ್ ಜೋತುಬಿದ್ದಿದ್ದರೆ ಅಲ್ಲಿ ಒತ್ತಡ ಒಂದೇ ಬಿಂದುವಿಗೆ ಸೇರುತ್ತದೆ. ಅಡ್ಡ ಕಂಬಿಗಳನ್ನು ನಕ್ಷೆಯ ಚೌಕ ಚೌಕವಾಗಿ ಎಣಿಸುತ್ತೇವೆ. ಸುರಿತದ ಮೊದಲೂ ನಂತರವೂ ಡಕ್ಟಿನೊಳಗೆ ಗುಂಡು ಎಳೆದು ದಾರಿ ತೆರವಿದೆಯೇ ನೋಡುತ್ತೇವೆ. ಎಳೆಯುವಾಗ ಜ್ಯಾಕಿನ ಒತ್ತಡ ಮತ್ತು ಕೇಬಲಿನ ಹಿಗ್ಗು ಎರಡನ್ನೂ ಬರೆದುಕೊಂಡು, ಹಿಗ್ಗು ಲೆಕ್ಕಕ್ಕಿಂತ ಶೇ 5ರ ಆಚೆ ಹೋದರೆ ನಿಲ್ಲಿಸುತ್ತೇವೆ. ಕಡಿಮೆ ಬಂದರೆ ಡಕ್ಟಿನಲ್ಲಿ ಸಿಮೆಂಟ್ ಹಾಲು ನುಗ್ಗಿ ಕೇಬಲ್ ಹಿಡಿದಿದೆ. ಹೆಚ್ಚು ಬಂದರೆ ಹಿಡಿ ಜಾರಿದೆ ಅಥವಾ ತಂತಿ ಹರಿದಿದೆ. ಕೊನೆಗೆ ಒಳಮೈಯನ್ನು ಸುತ್ತಿಗೆಯಿಂದ ಬಡಿದು ಕೇಳುತ್ತೇವೆ.

ವೆಲ್ಡಿಂಗ್ ವಿಷಯದಲ್ಲಿ ಹೇಳಬೇಕಾದ್ದು ಬಹಳ, ನನಗೆ ಮುಖ್ಯವೆನಿಸಿದ್ದು ಮೂರು. ಮೊದಲನೆಯದು ರಾಡ್. 7018 ಎಂಬ ವೆಲ್ಡಿಂಗ್ ರಾಡನ್ನು 300ರಿಂದ 350 ಡಿಗ್ರಿಯಲ್ಲಿ ಬೇಕ್ ಮಾಡಿ, ವೆಲ್ಡರ್ ಪಕ್ಕದ ಬಿಸಿ ಡಬ್ಬಿಯಲ್ಲೇ ಇಡಬೇಕು. ಮಳೆಗಾಲದಲ್ಲಿ ಡಬ್ಬಿಯ ಪ್ಲಗ್ಗು ಚುಚ್ಚಿದೆಯೇ, ಡಬ್ಬಿ ಬಿಸಿಯಿದೆಯೇ ಎಂದು ಡಬ್ಬಿಗೆ ಕೈಯಿಟ್ಟು ನೋಡಿ. ದೀಪ ಉರಿದರೂ ಡಬ್ಬಿ ತಣ್ಣಗಿರುವುದುಂಟು. ತೇವದ ರಾಡಿನಿಂದ ಬರುವ ಹೈಡ್ರೋಜನ್ ಬಿರುಕು ಅಂದೇ ಕಾಣದು, ಒಂದೆರಡು ದಿನ ಬಿಟ್ಟು ಕಾಣುತ್ತದೆ.

ಎರಡನೆಯದು ಸ್ಟೇನ್‌ಲೆಸ್ ಪೈಪಿನ ಒಳಗಿನ ಆರ್ಗಾನ್. ಮೊದಲ ಪದರ ಹಾಕುವಾಗ ಪೈಪಿನೊಳಗಿನ ಗಾಳಿಯನ್ನು ಆರ್ಗಾನ್‌ನಿಂದ ಹೊರಹಾಕಿರಬೇಕು. ಒಳಗಿನ ಬಣ್ಣವೇ ಎಲ್ಲ ಹೇಳುತ್ತದೆ: ಬೆಳ್ಳಿ ಅಥವಾ ತಿಳಿ ಹುಲ್ಲಿನ ಬಣ್ಣ ಇದ್ದರೆ ಸರಿ. ನೀಲಿ ಬಂದರೆ ಗಾಳಿ ಸೇರಿದೆ. ಕಪ್ಪಾಗಿ ಸಕ್ಕರೆಯಂತೆ ಹರಳುಗಟ್ಟಿದ್ದರೆ ಕತ್ತರಿಸಿ ಮತ್ತೆ ಮಾಡಬೇಕು. ಆರ್ಗಾನ್ ಗಾಳಿಗಿಂತ ಭಾರ, ಆದ್ದರಿಂದ ಕೆಳಗಿನಿಂದ ತುಂಬಿ ಮೇಲಿನಿಂದ ಗಾಳಿ ಬಿಡಬೇಕು. ಈ ಆರ್ಗಾನ್ ಕೆಳ ಮಹಡಿಯ ಗುಂಡಿಗಳಲ್ಲಿ ನಿಲ್ಲುತ್ತದೆ, ಇಳಿದವನಿಗೆ ಉಸಿರು ಸಿಗುವುದಿಲ್ಲ, ವಾಸನೆಯೂ ಇಲ್ಲ. ಆಮ್ಲಜನಕ ಮೀಟರ್ ಇಲ್ಲದೆ ಯಾರನ್ನೂ ಇಳಿಸಬೇಡಿ.

ಮೂರನೆಯದು ರೇಡಿಯೋಗ್ರಫಿ, ಅಂದರೆ ವೆಲ್ಡಿನ ಒಳಗನ್ನು ಗಾಮಾ ಕಿರಣದಿಂದ ಫಿಲ್ಮಿನಲ್ಲಿ ತೆಗೆಯುವುದು. ಕಿರಣ ಬೀರುವ ಮೂಲವಾದ ಇರಿಡಿಯಂ-192ರ ಅರ್ಧಾಯುಷ್ಯ 74 ದಿನ. ಮೂಲ ಅರ್ಧಕ್ಕೆ ಇಳಿದಾಗ ಒಡ್ಡುವ ಹೊತ್ತು ಎರಡು ಪಟ್ಟಾಗಬೇಕು. ತಂಡ ಅವಸರಕ್ಕೆ ಹಳೆಯ ಹೊತ್ತನ್ನೇ ಇಟ್ಟರೆ ಫಿಲ್ಮಿನ ಚಿತ್ರ ತೆಳುವಾಗುತ್ತದೆ. ಗಾಮಾ ಫಿಲ್ಮಿನ ಸಾಂದ್ರತೆ (ಕಪ್ಪಿನ ಅಳತೆ) 2ರಿಂದ 4ರ ಒಳಗೆ ಇರಬೇಕು, ಚಿತ್ರದ ಸ್ಪಷ್ಟತೆ ತೋರಿಸುವ ತಂತಿ ಸೂಚಕದ ಬೇಕಾದ ತಂತಿ ಕಾಣಬೇಕು. ಇಲ್ಲದಿದ್ದರೆ ದೋಷ ಇದೆಯೋ ಇಲ್ಲವೋ ಎಂಬ ಮಾತೇ ಬೇಡ. ಎರಡು ಜಾಯಿಂಟಿನ ಫಿಲ್ಮುಗಳು ತದ್ರೂಪಾಗಿ ಕಂಡರೆ ಪಕ್ಕಪಕ್ಕ ಇಟ್ಟು ವೆಲ್ಡಿನ ಅಲೆಗಳನ್ನು ಹೋಲಿಸಿ. ಒಂದೇ ಜಾಯಿಂಟನ್ನು ಎರಡು ಸಲ ತೆಗೆದು ಬೇರೆ ನಂಬರ್ ಹಾಕಿದ್ದರೆ ಅಲ್ಲೇ ಸಿಕ್ಕಿಬೀಳುತ್ತದೆ. ಗಾಮಾ ಕಿರಣದ ದಿಕ್ಕಿಗೆ ಓರೆಯಾಗಿರುವ ಬೆಸೆಯದ ಸೀಳು ಫಿಲ್ಮಿನಲ್ಲಿ ಕಾಣದೇ ಹೋಗಬಹುದು, ಆದ್ದರಿಂದ ದಪ್ಪ ಜಾಯಿಂಟಿಗೆ ಅಲ್ಟ್ರಾಸಾನಿಕ್ ಕೂಡ. ರಾತ್ರಿ ಶೂಟಿಂಗ್ ಮುಗಿದ ಮೇಲೆ ಮೂಲ ತನ್ನ ಪೆಟ್ಟಿಗೆಯಾದ ಕ್ಯಾಮೆರಾದೊಳಗೆ ಮರಳಿದೆಯೇ ಎಂದು ವಿಕಿರಣ ಅಳೆಯುವ ಸರ್ವೇ ಮೀಟರ್ ಹಿಡಿದು ನೋಡದೆ ಸುತ್ತ ಕಟ್ಟಿದ ಹಗ್ಗ ಬಿಚ್ಚಬಾರದು.

ಶುಚಿತ್ವಕ್ಕೆ ಬಂದರೆ, ಸ್ಟೇನ್‌ಲೆಸ್ ಮತ್ತು ಕಾರ್ಬನ್ ಸ್ಟೀಲಿನ ಕೆಲಸದ ಜಾಗ, ಗ್ರೈಂಡಿಂಗ್ ಚಕ್ರ, ಬ್ರಷ್ ಎಲ್ಲವೂ ಬೇರೆ ಬೇರೆ. ಕಬ್ಬಿಣದ ಕಿಡಿ ಕೂತ ಜಾಗದಲ್ಲಿ ಒಂದೇ ಮಳೆಗೆ ಕೆಂಪು ಚುಕ್ಕೆ ಬೀಳುತ್ತದೆ. ಗುರುತು ಹಾಕುವ ಪೆನ್ನು, ಟೇಪು, ಬಿರುಕು ಹುಡುಕುವ ಪೆನೆಟ್ರಂಟ್ ದ್ರವ ಇವುಗಳಲ್ಲಿ ಕ್ಲೋರೈಡ್ ಎಷ್ಟಿದೆ ಎಂಬ ಪ್ರಮಾಣಪತ್ರ ಕೇಳಿ. ಕ್ಲೋರೈಡ್, ಎಳೆತ, ಬಿಸಿ ಮೂರೂ ಸೇರಿದರೆ ಸ್ಟೇನ್‌ಲೆಸ್ ಸೀಳುತ್ತದೆ. ಪೈಪಿನ ಬಾಯಿಗೆ ಟೋಪಿ ಸದಾ ಇರಬೇಕು. 220 ಮೆಗಾವಾಟಿನ ಭಾರಜಲ ರಿಯಾಕ್ಟರಿನಲ್ಲಿ ಇಂಧನ ಕೂರುವ 306 ಚಾನಲ್, 700 ಮೆಗಾವಾಟಿನದರಲ್ಲಿ 392. ಪ್ರತಿ ಚಾನಲಿಗೂ ಒಳಹೋಗುವ ಒಂದು, ಹೊರಬರುವ ಒಂದು ಫೀಡರ್ ಪೈಪು. ಇಷ್ಟರಲ್ಲಿ ಒಂದರೊಳಗೆ ಒಂದು ಚಿಂದಿ ಬಟ್ಟೆ ಉಳಿದರೂ ಆ ಚಾನಲಿನ ಇಂಧನಕ್ಕೆ ತಂಪು ಸಿಗುವುದಿಲ್ಲ. ಅದಕ್ಕೇ ಒಳಹೋದ ಪ್ರತಿ ಉಪಕರಣ, ಪ್ರತಿ ಬಟ್ಟೆ ರಿಜಿಸ್ಟರಿನಲ್ಲಿ ಬರೆದು, ಹೊರಬರುವಾಗ ಎಣಿಸುವುದು.

ಕಾಗದದ ತಪಾಸಣೆಯನ್ನು ಹಗುರವಾಗಿ ತೆಗೆದುಕೊಳ್ಳುವವರಿದ್ದಾರೆ. 2013ರಲ್ಲಿ ದಕ್ಷಿಣ ಕೊರಿಯಾದಲ್ಲಿ ಕಂಟ್ರೋಲ್ ಕೇಬಲುಗಳ ಪರೀಕ್ಷಾ ಪ್ರಮಾಣಪತ್ರ ನಕಲಿ ಎಂದು ಬಯಲಾಗಿ ಓಡುತ್ತಿದ್ದ ರಿಯಾಕ್ಟರುಗಳನ್ನೇ ನಿಲ್ಲಿಸಬೇಕಾಯಿತು. ಪ್ಲೇಟು ಅಥವಾ ಪೈಪು ಕತ್ತರಿಸುವ ಮೊದಲು, ಅದು ಯಾವ ಕುಲುಮೆ ಎರಕದ್ದೆಂದು ಹೇಳುವ ಹೀಟ್ ನಂಬರನ್ನು ಎರಡೂ ತುಂಡಿಗೆ ಒತ್ತಬೇಕು, ಕತ್ತರಿಸಿದ ಮೇಲಲ್ಲ. ಕೈಯಲ್ಲಿ ಹಿಡಿಯುವ ಎಕ್ಸ್-ರೇ ಗನ್ ಕ್ರೋಮಿಯಂ, ನಿಕಲ್ ತೋರಿಸುತ್ತದೆ, ಕಾರ್ಬನ್ ತೋರಿಸುವುದಿಲ್ಲ. ಹಾಗಾಗಿ ಸ್ಟೇನ್‌ಲೆಸ್‌ನ 304 ಮತ್ತು ಕಾರ್ಬನ್ ಕಡಿಮೆ ಇರುವ 304 ಎಲ್ ನಡುವಿನ ವ್ಯತ್ಯಾಸ ಅದಕ್ಕೆ ತಿಳಿಯದು, ಕಿಡಿ ಪರೀಕ್ಷೆಯ ಸ್ಪೆಕ್ಟ್ರೋಮೀಟರ್ ಬೇಕು.

ದೋಷ ವರದಿ ಬರೆಯುವಾಗ "ಕೆಲಸ ಸರಿಯಿಲ್ಲ" ಎಂದು ಬರೆಯಬೇಡಿ. "ಎತ್ತರ ಇಷ್ಟು, ಅಕ್ಷ ಇಷ್ಟು, ಕವರ್ 50 ಬೇಕಿದ್ದಲ್ಲಿ 32 ಮಿಮೀ, ಉದ್ದ 1.2 ಮೀಟರ್" ಎಂದು ಬರೆದು ಫೋಟೋದಲ್ಲಿ ಟೇಪು ಕಾಣುವಂತೆ ಇಡಿ. ಕವರ್ ಎಂದರೆ ಕಂಬಿಯ ಹೊರಗಿನ ಕಾಂಕ್ರೀಟಿನ ದಪ್ಪ. ತಪ್ಪು ಮಾಡಿದವನ ಹೆಸರು ಬೇಡ. ಹೆಸರು ಬರೆಯಲು ಶುರುಮಾಡಿದ ತಿಂಗಳಿನಿಂದ ಯಾವ ವೆಲ್ಡರೂ "ಸಾರ್, ಇಲ್ಲಿ ನನಗೆ ಅನುಮಾನ ಇದೆ" ಎಂದು ತಾನಾಗಿ ಹೇಳುವುದಿಲ್ಲ. ಆ ಒಂದು ಮಾತು ನೂರು ಫಿಲ್ಮಿಗಿಂತ ಹೆಚ್ಚು ದೋಷ ತೋರಿಸಿದೆ.

ಎಲ್ಲ ಮುಗಿದ ಮೇಲೆ, ರಿಯಾಕ್ಟರನ್ನು ಸುತ್ತುವರಿದ ಕಂಟೈನ್‌ಮೆಂಟ್ ಕಟ್ಟಡದೊಳಗೆ ಗಾಳಿ ತುಂಬಿ, ವಿನ್ಯಾಸದ ಒತ್ತಡದ 1.15 ಪಟ್ಟಿಗೆ ಏರಿಸಿ ಬಲ ಪರೀಕ್ಷೆ, ನಂತರ ಸೋರಿಕೆಯ ಅಳತೆ. ಪೂರ್ತಿ ಏರಿಸುವ ಮೊದಲು ಕಡಿಮೆ ಒತ್ತಡದಲ್ಲಿ ನಿಲ್ಲಿಸಿ, ಗೋಡೆ ದಾಟುವ ಪ್ರತಿ ಕೇಬಲ್ ಕೊಳವೆ, ಪೈಪಿನ ತೋಳು, ಬಾಗಿಲಿನ ರಬ್ಬರ್ ಅಂಚಿಗೆ ಹೊರಗಡೆಯಿಂದ ಸೋಪಿನ ನೀರು ಹಚ್ಚುತ್ತಾ ಹೋಗುತ್ತೇವೆ. ಗುಳ್ಳೆ ಎದ್ದ ಜಾಗಕ್ಕೆ ಸೀಮೆಸುಣ್ಣದ ಗುರುತು, ಪಕ್ಕದಲ್ಲಿ ಹೊತ್ತು, ಒತ್ತಡ. ಒಬ್ಬರು ಹಚ್ಚುವುದು, ಇನ್ನೊಬ್ಬರು ಟಾರ್ಚ್ ಹಿಡಿದು ನೋಡುವುದು. ಸಣ್ಣ ಗುಳ್ಳೆ ಬರಲು ಅರ್ಧ ನಿಮಿಷವಾದರೂ ಬೇಕು, ಅಷ್ಟು ಹೊತ್ತು ಪ್ರತಿ ತೋಳಿನ ಎದುರೂ ನಿಲ್ಲಬೇಕು.