ಆಫೀಸ್ ಡಬ್ಬದಲ್ಲಿ ಇಂಡಿ ಗೇಮ್: ಲಿನಕ್ಸ್ ಮೇಲೆ ಓಡಿಸಿದ ನನ್ನ ಅನುಭವ

"ಅದು ಆಫೀಸಿನವರು ತೆಗೆದುಹಾಕಿದ ಕಂಪ್ಯೂಟರ್ ಡಬ್ಬ ಕಣೋ, ಅದರ ಮೇಲೆ ಲಿನಕ್ಸ್ ಬೇರೆ. ಗೇಮ್ ಎಲ್ಲಿ ಓಡುತ್ತೆ?" ತುಮಕೂರಿನಲ್ಲಿ ಈ ಮಾತು ಹೇಳದ ಗೆಳೆಯರು ನನಗಿಲ್ಲ. ಈಗ ಅದೇ ಡಬ್ಬದಲ್ಲಿ ಸಣ್ಣ ತಂಡಗಳು ಮಾಡಿದ ಇಂಡಿ ಗೇಮುಗಳಾದ ಸೆಲೆಸ್ಟ್, ಸ್ಟಾರ್‌ಡ್ಯೂ ವ್ಯಾಲಿ, ಹಾಲೋ ನೈಟ್, ಡೆಡ್ ಸೆಲ್ಸ್, ಫ್ಯಾಕ್ಟೋರಿಯೋ, ಬಾಲಾಟ್ರೋ, ಹೇಡೀಸ್ ಎಲ್ಲವೂ ಓಡುತ್ತಿವೆ. ವಿಂಡೋಸಿನ ಬದಲು ಲಿನಕ್ಸಿನ ಮಿಂಟ್ ಹಾಕುವುದು, ಗೇಮ್ ಅಂಗಡಿಯಾದ ಸ್ಟೀಮ್ ಹಾಕುವುದು, ವಿಂಡೋಸ್ ಗೇಮನ್ನು ಲಿನಕ್ಸಿನಲ್ಲಿ ಓಡಿಸುವ ಪ್ರೋಟಾನ್ ಆನ್ ಮಾಡುವುದು ಇದನ್ನು ಓದುವವರಿಗೆ ಗೊತ್ತಿರುತ್ತದೆ. ಹಾಗಾಗಿ ದುಡ್ಡು ಎಲ್ಲಿ ಹೋಯಿತು, ಎಲ್ಲಿ ಕೆಟ್ಟಿತು, ಯಾಕೆ ಕೆಟ್ಟಿತು ಎನ್ನುವುದಷ್ಟೇ ಬರೆಯುತ್ತೇನೆ.

ಮಷೀನು ಡೆಲ್ ಆಪ್ಟಿಪ್ಲೆಕ್ಸ್ 3020, ಸಣ್ಣ ಕ್ಯಾಬಿನೆಟ್ಟಿನದು. ಐ5 4570, ಅದರೊಳಗಿನ ಇಂಟೆಲ್ ಎಚ್‌ಡಿ 4600 ಗ್ರಾಫಿಕ್ಸ್. ಬೆಂಗಳೂರಿನ ಎಸ್‌ಪಿ ರೋಡಿನಿಂದ ತಂದಾಗ ₹6,500 ಸುಮಾರು, 4 ಜಿಬಿಯ ಒಂದೇ ರ‍್ಯಾಮ್ ಕಡ್ಡಿ ಇತ್ತು. 240 ಜಿಬಿ ಎಸ್‌ಎಸ್‌ಡಿಗೆ ₹1,400. ಇನ್ನೊಂದು 4 ಜಿಬಿ ಕಡ್ಡಿಗೆ ₹500. ಈ ₹500 ನಾನು ಖರ್ಚು ಮಾಡಿದ್ದರಲ್ಲೆಲ್ಲ ಅತ್ಯಂತ ಸಾರ್ಥಕವಾದದ್ದು. ಒಳಗಿನ ಗ್ರಾಫಿಕ್ಸಿಗೆ ಸ್ವಂತ ಮೆಮೊರಿ ಇಲ್ಲ, ಸಿಸ್ಟಮ್ ರ‍್ಯಾಮನ್ನೇ ಹಂಚಿಕೊಳ್ಳುತ್ತದೆ. ಡಿಡಿಆರ್3 1600ರ ಒಂದು ಕಡ್ಡಿ ಸೆಕೆಂಡಿಗೆ 12.8 ಜಿಬಿ ಸಾಗಿಸಿದರೆ, ಎರಡು ಕಡ್ಡಿ ಎರಡು ಚಾನೆಲ್‌ನಲ್ಲಿ 25.6 ಸಾಗಿಸುತ್ತವೆ. ಡೆಡ್ ಸೆಲ್ಸ್ ಸೆಕೆಂಡಿಗೆ 40 ಫ್ರೇಮಿನ ಆಸುಪಾಸಿನಲ್ಲಿ ತಿಣುಕುತ್ತಿದ್ದದ್ದು 60ರ ಹತ್ತಿರ ಬಂತು, ಬೇರೇನೂ ಮುಟ್ಟದೆ. ಒಂದೇ 8 ಜಿಬಿ ಕಡ್ಡಿ ಹಾಕಿಕೊಂಡು "ಇಂಟೆಲ್ ಗ್ರಾಫಿಕ್ಸ್ ದಂಡ" ಅನ್ನುವವರು ಮೊದಲು ಇದನ್ನು ನೋಡಲಿ. ಜೊತೆಗೆ ಪ್ರೊಸೆಸರಿನ ಮೇಲಿನ ಪೇಸ್ಟ್ ಒಣಗಿ ಸುಣ್ಣದ ಚಕ್ಕೆಯಾಗಿತ್ತು. ಕೆರೆದು ಹೊಸದು ಹಚ್ಚಿದ ಮೇಲೆ 90 ಡಿಗ್ರಿ ಮುಟ್ಟುತ್ತಿದ್ದದ್ದು 70ಕ್ಕೆ ಇಳಿಯಿತು. ನಮ್ಮ ಏಪ್ರಿಲ್ ಬಿಸಿಲಿಗೆ ಅಷ್ಟು ಅಂತರ ಬೇಕೇ ಬೇಕು.

ಈಗ ಮುಖ್ಯ ವಿಷಯಕ್ಕೆ ಬರುತ್ತೇನೆ. ಇಂಡಿ ಗೇಮ್ ಅಂದರೆ ಹಗುರ, ಹಳೇ ಮಷೀನಿನಲ್ಲೂ ಓಡುತ್ತದೆ ಎಂಬ ನಂಬಿಕೆ ಪೂರ್ತಿ ತಪ್ಪು. ನೋಡಲು ಪಿಕ್ಸೆಲ್ ಚಿತ್ರ ಇರುವ ಗೇಮ್ ಕಪ್ಪು ಪರದೆ ತೋರಿಸಿ ಮುಚ್ಚಿಕೊಳ್ಳುತ್ತದೆ, ಅದಕ್ಕಿಂತ ಭಾರವಾದದ್ದು ಸಲೀಸಾಗಿ ಓಡುತ್ತದೆ. ಓಡುವುದೋ ಇಲ್ಲವೋ ಎಂಬುದು ಗೇಮಿನ ಎಂಜಿನ್ (ಗೇಮನ್ನು ಕಟ್ಟಿದ ತಂತ್ರಾಂಶ) ಗ್ರಾಫಿಕ್ಸಿಗೆ ಯಾವ ಬಾಗಿಲು ತಟ್ಟುತ್ತದೆ ಎನ್ನುವುದರ ಮೇಲೆ ನಿಂತಿದೆ: ಓಪನ್‌ಜಿಎಲ್ಲೋ, ವಿಂಡೋಸಿನ ಡೈರೆಕ್ಟ್‌3ಡಿಯೋ.

ಪ್ರೋಟಾನ್ ಡೈರೆಕ್ಟ್‌3ಡಿಯನ್ನು ಡಿಎಕ್ಸ್‌ವಿಕೆ ಎಂಬ ಅನುವಾದಕನ ಮೂಲಕ ವಲ್ಕನ್ ಎಂಬ ಮೂರನೇ ಬಾಗಿಲಿಗೆ ತಿರುಗಿಸುತ್ತದೆ. ಡಿಎಕ್ಸ್‌ವಿಕೆ 2.0 ಬಂದದ್ದು 2022ರ ಕೊನೆಗೆ, ಅಲ್ಲಿಂದ ವಲ್ಕನ್ 1.3 ಕಡ್ಡಾಯ. ಪ್ರೋಟಾನ್ 8ರಿಂದ ಮುಂದಕ್ಕೆಲ್ಲ ಅದೇ ಇದೆ. ನಾಲ್ಕನೇ ಪೀಳಿಗೆಯ ಇಂಟೆಲ್‌ಗೆ, ಅಂದರೆ ಹ್ಯಾಸ್‌ವೆಲ್‌ಗೆ, 1.3 ಇಲ್ಲ. ಲಿನಕ್ಸಿನಲ್ಲಿ ಗ್ರಾಫಿಕ್ಸ್ ನಡೆಸುವ ಮೆಸಾ ಡ್ರೈವರೇ ಟರ್ಮಿನಲ್‌ನಲ್ಲಿ "ಹ್ಯಾಸ್‌ವೆಲ್ ವಲ್ಕನ್ ಬೆಂಬಲ ಅಪೂರ್ಣ" ಎಂದು ಎಚ್ಚರಿಸುತ್ತದೆ. ನಾನು ಆ ಸಾಲನ್ನು ಒಂದು ತಿಂಗಳು ಗಮನಿಸದೆ ಮಿಂಟನ್ನೇ ಮೂರು ಸಲ ಮತ್ತೆ ಮತ್ತೆ ಹಾಕಿದ್ದೇನೆ.

ಹ್ಯಾಸ್‌ವೆಲ್ ಇಟ್ಟುಕೊಂಡವರಿಗೆ ಎರಡು ದಾರಿ. ಒಂದು, ಗೇಮಿನ ಕಂಪ್ಯಾಟಿಬಿಲಿಟಿ ಪುಟದಲ್ಲಿ ಪ್ರೋಟಾನ್ 7.0 ಆರಿಸುವುದು. ಅದರಲ್ಲಿರುವುದು ಹಳೆಯ ಡಿಎಕ್ಸ್‌ವಿಕೆ 1.10, ಅದಕ್ಕೆ ವಲ್ಕನ್ 1.1 ಸಾಕು. ಎರಡು, ಲಾಂಚ್ ಆಪ್ಷನ್‌ನಲ್ಲಿ ವೈನ್‌ಡಿ3ಡಿ ಬಳಸುವ ಪ್ರೋಟಾನ್ ವೇರಿಯಬಲ್ಲನ್ನು 1 ಮಾಡುವುದು. ಆಗ ವಲ್ಕನ್ ಬಿಟ್ಟು ಓಪನ್‌ಜಿಎಲ್‌ಗೆ ಹೋಗುತ್ತದೆ. ವೇಗ ಕಡಿಮೆ, ಆದರೆ 2ಡಿ ಗೇಮಿಗೆ ನಡೆಯುತ್ತದೆ. ನನ್ನ ಲೆಕ್ಕದಲ್ಲಿ ಹತ್ತು ಗೇಮಿಗೆ ಆರು ಈ ಎರಡರಲ್ಲಿ ಒಂದರಿಂದ ಎದ್ದು ನಿಂತವು.

ಬಾಲಾಟ್ರೋಗೆ ಇದ್ಯಾವುದೂ ಬೇಕಿಲ್ಲ. ವಿಂಡೋಸಿಗೆ ಬಂದ ಗೇಮ್ ಆದರೂ ಅದನ್ನು ಕಟ್ಟಿರುವುದು ಲವ್ ಎಂಜಿನ್ ಮೇಲೆ, ಲವ್ ಕೇಳುವುದು ಓಪನ್‌ಜಿಎಲ್. ಪ್ರೋಟಾನ್ ಅದನ್ನು ತಿರುಗಿಸುವ ಗೋಜಿಗೆ ಹೋಗದೆ ನೇರವಾಗಿ ನಮ್ಮ ಡ್ರೈವರಿಗೆ ದಾಟಿಸುತ್ತದೆ. ಎಚ್‌ಡಿ 4600ರ ಮೇಲೆ ಮೊದಲ ಸಲಕ್ಕೇ ಓಡಿತು. ದುಡ್ಡು ಕೊಡುವ ಮೊದಲು ಎಂಜಿನ್ ಯಾವುದೆಂದು ನೋಡಬೇಕು ಎನ್ನುವುದು ಇದಕ್ಕೇ. ಮೈಕ್ರೋಸಾಫ್ಟಿನ ಹಳೆಯ ಎಕ್ಸ್‌ಎನ್‌ಎ ಮೇಲೆ ಬರೆದು, ಅದನ್ನೇ ಲಿನಕ್ಸಿನಲ್ಲೂ ಓಡಿಸುವ ಎಫ್‌ಎನ್‌ಎಗೆ ತಂದ ಗೇಮ್ ಆದರೆ ಕಣ್ಣು ಮುಚ್ಚಿ ಕೊಳ್ಳುತ್ತೇನೆ. ಈಥನ್ ಲೀ ಕಟ್ಟಿದ ಎಫ್‌ಎನ್‌ಎ ಲಿನಕ್ಸ್ ಆಟಗಾರರಿಗೆ ಮಾಡಿದ ಉಪಕಾರ ದೊಡ್ಡದು. ಸೆಲೆಸ್ಟ್ ಅದರ ಮೇಲೇ ಇದೆ. ಈ ಡಬ್ಬದಲ್ಲಿ 60ಕ್ಕೆ ಅಂಟಿಕೊಂಡು ಕೂರುತ್ತದೆ, ಬಟನ್ ಒತ್ತಿದ್ದಕ್ಕೂ ಜಿಗಿದದ್ದಕ್ಕೂ ಮಧ್ಯೆ ತಡ ಅನ್ನುವುದೇ ಇಲ್ಲ. ನಾನು ಕಂಡ ಲಿನಕ್ಸ್ ಪೋರ್ಟುಗಳಲ್ಲಿ ಅದೇ ಉತ್ತಮ.

ಯೂನಿಟಿ ಎಂಜಿನ್ನಿನ ಗೇಮುಗಳ ಕತೆ ಬೇರೆ. ಹಾಲೋ ನೈಟ್ ನೇಟಿವ್ (ಲಿನಕ್ಸಿಗೇ ಮಾಡಿದ) ಆವೃತ್ತಿಯಲ್ಲಿ ನನ್ನ ಕಂಟ್ರೋಲರಿನ ಬಟನ್‌ಗಳು ಅದಲುಬದಲಾದವು. ಎಲ್ಲರೂ "ಪ್ರೋಟಾನ್ ಹಾಕು" ಅಂದರು. ಹಾಕಿದರೆ ವಲ್ಕನ್ ತಕರಾರು. ಕೊನೆಗೆ ನೇಟಿವ್‌ನಲ್ಲೇ ಉಳಿದು, ಬಟನ್ ಹೊಂದಿಸುವ ಸ್ಟೀಮ್ ಇನ್‌ಪುಟ್ ಆನ್ ಮಾಡಿ ಸರಿಮಾಡಿದೆ. ಅಗ್ಗದ ಕಂಟ್ರೋಲರಿನಲ್ಲಿ ಇನ್ನೊಂದು ತೊಡಕು: ಎಕ್ಸ್‌ಇನ್‌ಪುಟ್, ಡಿಇನ್‌ಪುಟ್ ಅಂತ ಬಟನ್ ಸುದ್ದಿ ಕಳಿಸುವ ಎರಡು ಅವತಾರ (ಹೊಸದು, ಹಳೆಯದು) ಇರುತ್ತವೆ. ನನ್ನ ₹700ರ ವೈರ್ ಕಂಟ್ರೋಲರ್ ಪ್ರತಿ ಸಲ ಡಿಇನ್‌ಪುಟ್‌ನಲ್ಲಿ ಏಳುತ್ತದೆ, ಮಧ್ಯದ ಬಟನ್ ನಾಲ್ಕೈದು ಸೆಕೆಂಡ್ ಒತ್ತಿ ಹಿಡಿದರೆ ಬದಲಾಗುತ್ತದೆ. ಅದನ್ನು ಬೂಟ್ ಆದ ತಕ್ಷಣ ತಾನೇ ಸರಿಯಾಗುವ ಹಾಗೆ ಮಾಡಿಕೊಂಡಿದ್ದೇನೆ. ಅದಕ್ಕಾಗಿ ಬರೆದ ಯುಡೆವ್ (ಸಾಧನ ಚುಚ್ಚಿದಾಗ ಏನು ಮಾಡಬೇಕೆಂಬ ಲಿನಕ್ಸ್ ನಿಯಮ) ಸಾಲನ್ನು ಮಾತ್ರ ಸದ್ಯಕ್ಕೆ ನನ್ನಲ್ಲೇ ಇಟ್ಟುಕೊಳ್ಳುತ್ತೇನೆ.

ಹೇಡೀಸ್ ಆಡಲೇಬೇಕು ಎಂದಾಗ ಬೇರೆ ಗ್ರಾಫಿಕ್ಸ್ ಕಾರ್ಡ್ ಇಲ್ಲದೆ ಆಗಲಿಲ್ಲ. ಅದನ್ನು ಮಾಡಿದ ಸೂಪರ್‌ಜೈಂಟ್‌ನ ಬಾಸ್ಟಿಯನ್, ಟ್ರಾನ್ಸಿಸ್ಟರ್, ಪೈರ್ ಮೂರಕ್ಕೂ ಲಿನಕ್ಸ್ ಆವೃತ್ತಿ ಇದ್ದವು, ಹೇಡೀಸ್‌ಗೆ ಇಲ್ಲ. ಮೊದಲ ಕಾರ್ಡಿನಲ್ಲಿ ಎಡವಿದೆ. ₹1,800ಕ್ಕೆ ಸಿಕ್ಕಿತೆಂದು ತಂದದ್ದು ಎನ್‌ವಿಡಿಯಾದ ಡ್ರೈವರ್ 470ಕ್ಕೇ ನಿಂತುಹೋದ ಪೀಳಿಗೆಯದು, ಅದಕ್ಕೂ ವಲ್ಕನ್ 1.2ರ ಆಚೆ ಇಲ್ಲ. ತಂದ ರೋಗವೇ ಮತ್ತೆ ತಂದ ಹಾಗಾಯಿತು. ₹900ಕ್ಕೆ ಮಾರಿದೆ. ಆಮೇಲೆ ಎಎಂಡಿ ಆರ್‌ಎಕ್ಸ್ 550, 4 ಜಿಬಿ, ಗಿಡ್ಡ ಕಾರ್ಡ್, ಸೆಕೆಂಡ್ ಹ್ಯಾಂಡ್ ₹4,200ಕ್ಕೆ. 50 ವ್ಯಾಟಿನದು, ಸ್ಲಾಟಿನಿಂದಲೇ ಕರೆಂಟ್ ಎಳೆಯುತ್ತದೆ, ಬೇರೆ ವೈರ್ ಬೇಡ. ಆಪ್ಟಿಪ್ಲೆಕ್ಸಿನ 255 ವ್ಯಾಟ್ ಸಪ್ಲೈ ಹೊರುತ್ತದೆ. ಡ್ರೈವರ್ ಕರ್ನೆಲ್ ಮತ್ತು ಮೆಸಾದಲ್ಲೇ ಇದೆ, ಹುಡುಕಿ ಹಾಕುವ ಕೆಲಸ ಇಲ್ಲ. ಕೊಳ್ಳುವಾಗ ಹಾಫ್ ಬ್ರಾಕೆಟ್ (ಗಿಡ್ಡ ಕಾರ್ಡನ್ನು ಬಿಗಿಯುವ ಲೋಹದ ಪಟ್ಟಿ) ಜೊತೆಗಿದೆಯೇ ಎಂದು ಕೈಯಲ್ಲಿ ಹಿಡಿದು ನೋಡಿ. ಅದಿಲ್ಲದಿದ್ದರೆ ಸಣ್ಣ ಕ್ಯಾಬಿನೆಟ್ಟಿನಲ್ಲಿ ಸ್ಕ್ರೂ ಕೂರುವುದಿಲ್ಲ, ಎಚ್‌ಡಿಎಂಐ ಕೇಬಲ್ ಎಳೆದಾಗೆಲ್ಲ ಕಾರ್ಡ್ ಸ್ಲಾಟಿನಿಂದ ಏಳುತ್ತದೆ, ಪರದೆ ಹೋಗುತ್ತದೆ. ಹೇಡೀಸ್ 720 ರೆಸಲ್ಯೂಷನ್ನಿನಲ್ಲಿ 60 ಬಿಡದೆ ನಿಲ್ಲುತ್ತದೆ.

ಎರಡು ದಿನ ತಿಂದ ಇನ್ನೊಂದು ತಪ್ಪು: ಸ್ಟೀಮ್ ಲೈಬ್ರರಿಯನ್ನು ಹಳೆಯ ವಿಂಡೋಸ್ ಪಾರ್ಟಿಷನ್ ಮೇಲೇ ಇಟ್ಟದ್ದು. ನೇಟಿವ್ ಗೇಮ್ ಓಡುತ್ತವೆ, ಪ್ರೋಟಾನ್ ಗೇಮ್ "ರನ್ನಿಂಗ್" ಅಂದು ಎರಡು ಸೆಕೆಂಡಿಗೆ ನಿಲ್ಲುತ್ತವೆ. ಪ್ರೋಟಾನ್ ತನ್ನ ಕಂಪ್ಯಾಟ್‌ಡೇಟಾ ಫೋಲ್ಡರಿನಲ್ಲಿ ಸಿಂಬಾಲಿಕ್ ಲಿಂಕ್ (ಬೇರೆ ಜಾಗವನ್ನು ತೋರಿಸುವ ಕೊಂಡಿ) ಹಾಕುತ್ತದೆ, ಅವುಗಳ ಹೆಸರಿನಲ್ಲಿ ಸಿ ಡ್ರೈವಿನ ಹಾಗೆ ಕೋಲನ್ ಚಿಹ್ನೆ ಇರುತ್ತದೆ. ವಿಂಡೋಸಿನ ಡಿಸ್ಕ್ ಬಗೆಯಾದ ಎನ್‌ಟಿಎಫ್‌ಎಸ್ ಮೇಲೆ ಅಲ್ಲೇ ಎಡವಟ್ಟು. ಅದನ್ನು ಲಿನಕ್ಸಿನ ಇಎಕ್ಸ್‌ಟಿ4 ಮಾಡಿ, ಬೇರೆ ಮಾತಿಲ್ಲ. ಅದೇ ಫೋಲ್ಡರಿನಲ್ಲಿ ಸೇವ್ ಕೂಡ ಇರುತ್ತದೆ. ಕ್ಲೌಡ್ ಸೇವ್ ಇಲ್ಲದ ಗೇಮಿನ ಕಂಪ್ಯಾಟ್‌ಡೇಟಾ ಅಳಿಸಿದರೆ ಆಡಿದ್ದೆಲ್ಲ ಹೋಯಿತು.

ಮೊಬೈಲ್ ಹಾಟ್‌ಸ್ಪಾಟ್ ಮೇಲೆ ಇರುವವರು ಸ್ಟೀಮಿನ ಶೇಡರ್ ಪ್ರಿ-ಕ್ಯಾಶಿಂಗ್ (ಗ್ರಾಫಿಕ್ಸಿನ ಸಿದ್ಧ ಕಡತಗಳನ್ನು ಮೊದಲೇ ಇಳಿಸುವುದು) ಆಫ್ ಮಾಡಿ. ಗೇಮ್ 300 ಎಂಬಿ ಇದ್ದರೂ ಶೇಡರ್ ಮತ್ತೆ ಮತ್ತೆ ಇಳಿದು ದಿನದ ಡೇಟಾ ಮುಗಿಸುತ್ತದೆ. ಮೊದಲ ಅರ್ಧ ಗಂಟೆ ಅಲ್ಲಲ್ಲಿ ತಡವರಿಸುತ್ತದೆ, ಆಮೇಲೆ ಸರಿಹೋಗುತ್ತದೆ. ಜಿಒಜಿ ಎಂಬ ಇನ್ನೊಂದು ಗೇಮ್ ಅಂಗಡಿಯಲ್ಲಿ ಕೊಂಡ ಗೇಮ್ ಆದರೆ ಇನ್ಸ್ಟಾಲರನ್ನೇ ಒಂದು ಸಲ ಇಳಿಸಿ ಪೆನ್‌ಡ್ರೈವಿನಲ್ಲಿ ಇಟ್ಟುಕೊಳ್ಳಬಹುದು. ಅದು ನನಗೆ ಬಹಳ ಇಷ್ಟ.

ಇನ್ನು ಕರೆಂಟ್. ನಮ್ಮ ಊರಿನಲ್ಲಿ ಗೇಮ್ ಆರಿಸುವಾಗ ಗ್ರಾಫಿಕ್ಸಿನಷ್ಟೇ ಸೇವ್ ಆಗುವ ಬಗೆಯನ್ನೂ ನೋಡಬೇಕು ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ. ಸ್ಲೇ ದ ಸ್ಪೈರ್ ಪ್ರತಿ ಕೋಣೆಗೆ ಕಾಲಿಟ್ಟಾಗ ಸೇವ್ ಮಾಡುತ್ತದೆ, ಕರೆಂಟ್ ಹೋದರೆ ಆ ಒಂದು ಕಾಳಗ ಮಾತ್ರ ಮತ್ತೆ ಆಡಬೇಕು. ಹಾಲೋ ನೈಟ್‌ನಲ್ಲಿ ಬೆಂಚ್ ಹುಡುಕಿ ಕೂರಬೇಕು. ಬೇಸಾಯದ ಗೇಮ್ ಸ್ಟಾರ್‌ಡ್ಯೂ ನಮ್ಮ ಪಾತ್ರ ಮಲಗಿದಾಗ ಮಾತ್ರ ಸೇವ್ ಮಾಡುತ್ತದೆ. ಅದರ ಹತ್ತು ನಿಮಿಷ ನಮ್ಮ ಏಳು ಸೆಕೆಂಡ್, ಬೆಳಗ್ಗೆ ಆರರಿಂದ ರಾತ್ರಿ ಎರಡರ ತನಕದ ಒಂದು ದಿನ ಸುಮಾರು 14 ನಿಮಿಷ. 600 ವಿಎ ಯುಪಿಎಸ್ ₹2,600ಕ್ಕೆ ತಂದೆ. ಹೊಸದರಲ್ಲಿ ಮಾನಿಟರೂ ಸೇರಿ 18 ನಿಮಿಷ ತಡೆಯಿತು, ಒಂದು ಇಡೀ ದಿನ ಆರಾಮವಾಗಿ ಮುಗಿಯುತ್ತಿತ್ತು. ವರ್ಷದ ಮೇಲೆ 9 ನಿಮಿಷಕ್ಕೆ ಬಿತ್ತು. ಈಗ ಬೀಪ್ ಕೇಳಿದ ಕೂಡಲೇ ಗಣಿಯಿಂದ ಮೇಲೆ ಬಂದು ಮನೆಗೆ ಓಡಿ ಮಲಗಿಸುವುದು, ಎರಡು ನಿಮಿಷದ ಕೆಲಸ. ಸಂಜೆ ಮೀನು ಹಿಡಿಯುವುದು ತಪ್ಪುತ್ತದೆ, ಬೆಳೆ ಉಳಿಯುತ್ತದೆ.

ಮಲಗಿಸಿದ ಮೇಲೂ ಅರ್ಧ ನಿಮಿಷ ಕಾಯಬೇಕು. ಲಿನಕ್ಸ್ ಬರೆದ ಡೇಟಾವನ್ನು ಡಿಸ್ಕಿಗೆ ಇಳಿಸುವ ಮೊದಲು ರ‍್ಯಾಮಿನಲ್ಲಿ 30 ಸೆಕೆಂಡ್ ತನಕ ಇಟ್ಟುಕೊಳ್ಳಬಹುದು. ಕರ್ನೆಲ್ಲಿನ ಡರ್ಟಿ ಎಕ್ಸ್‌ಪೈರ್ ಬೆಲೆ 3000 (ಸೆಕೆಂಡಿನ ನೂರನೇ ಒಂದು ಭಾಗದ ಲೆಕ್ಕದಲ್ಲಿ) ಎಂದಿರುವುದು ಅದೇ, ನಾನು 500ಕ್ಕೆ ಇಳಿಸಿದ್ದೇನೆ. ಆದರೂ ಸೇವ್ ಕೆಟ್ಟರೆ ಹೆದರಬೇಡಿ. ಹೋಮ್ ಒಳಗೆ ಅಡಗಿರುವ ಕಾನ್ಫಿಗ್ ಫೋಲ್ಡರಿನಲ್ಲಿ ಸ್ಟಾರ್‌ಡ್ಯೂ ಸೇವ್‌ಗಳಿವೆ. ಪ್ರತಿ ಕಡತದ ಪಕ್ಕದಲ್ಲಿ ಕೊನೆಗೆ "ಓಲ್ಡ್" ಎಂದಿರುವ ಹಿಂದಿನ ದಿನದ ಪ್ರತಿ ಇರುತ್ತದೆ. ಕೆಟ್ಟ ಎರಡು ಕಡತ ತೆಗೆದು, ಓಲ್ಡ್ ಎಂಬ ಬಾಲ ಕತ್ತರಿಸಿ ಹೆಸರಿಟ್ಟರೆ ತೋಟ ವಾಪಸ್.

ಕಾರ್ಖಾನೆ ಕಟ್ಟುವ ಗೇಮ್ ಫ್ಯಾಕ್ಟೋರಿಯೋ ವಿಷಯದಲ್ಲಿ ಲಿನಕ್ಸಿನವರು ಎದೆಯುಬ್ಬಿಸಿ ಹೇಳಬಹುದಾದ ಒಂದು ಸೌಲಭ್ಯ ಇದೆ, ವಿಂಡೋಸಿನವರಿಗೆ ಅದು ಸಿಕ್ಕಿಲ್ಲ. ಕಂಟ್ರೋಲ್, ಆಲ್ಟ್ ಎರಡೂ ಒತ್ತಿ ಸೆಟ್ಟಿಂಗ್ಸ್ ಕ್ಲಿಕ್ ಮಾಡಿದರೆ "ದ ರೆಸ್ಟ್" ಎಂಬ ಗುಪ್ತ ಪುಟ ತೆರೆಯುತ್ತದೆ. ಅಲ್ಲಿ ನಾನ್-ಬ್ಲಾಕಿಂಗ್ ಸೇವಿಂಗ್ ಆನ್ ಮಾಡಿ. ಆಟ ತನ್ನದೇ ಒಂದು ಪ್ರತಿಯನ್ನು ಫೋರ್ಕ್ ಮಾಡಿ, ಅದು ಹಿಂದೆ ಕೂತು ಸೇವ್ ಬರೆಯುತ್ತದೆ, ನಮ್ಮ ಕಾರ್ಖಾನೆ ಸೇವ್ ಮುಗಿಯಲೆಂದು ಕಾಯುವುದಿಲ್ಲ. 8 ಜಿಬಿ ರ‍್ಯಾಮಿನಲ್ಲಿ ದೊಡ್ಡ ಕಾರ್ಖಾನೆ ಆದರೆ ಮಾತ್ರ ಬ್ರೌಸರ್ ಮುಚ್ಚಿಡಿ. ಈ ಗೇಮ್ ಸೇಲಿಗೆ ಬರಲಿ ಎಂದು ಕಾಯಬೇಡಿ. ಮಾಡಿದವರು ರಿಯಾಯಿತಿ ಕೊಡುವುದಿಲ್ಲ ಎಂದೇ ಹೇಳಿದ್ದಾರೆ, 2023ರಲ್ಲಿ 30 ಡಾಲರಿನಿಂದ 35ಕ್ಕೆ ಏರಿಸಿದರು ಕೂಡ.

ಗೇಮಿಗೆ ದುಡ್ಡು ಹಾಕುವ ಮೊದಲು ಆಟಗಾರರು ವರದಿ ಬರೆಯುವ ಪ್ರೋಟಾನ್‌ಡಿಬಿ ತಾಣದ ಬಂಗಾರ, ಪ್ಲಾಟಿನಂ ಪದಕ ನೋಡಿ ಮರುಳಾಗಬೇಡಿ. ಕೆಳಗೆ ಇಳಿದು ವರದಿ ಬರೆದವರ ಗ್ರಾಫಿಕ್ಸ್ ಏನೆಂದು ಓದಿ. ಕೈಯಲ್ಲಿ ಹಿಡಿದು ಆಡುವ ಸ್ಟೀಮ್ ಡೆಕ್ಕಿನ ಹಸಿರು ಗುರುತೂ ನಮ್ಮಂಥ ಮಷೀನಿಗೆ ಏನೂ ಹೇಳುವುದಿಲ್ಲ. ಕೊಂಡ ಮೇಲೆ 14 ದಿನದೊಳಗೆ, ಆಡಿದ್ದು ಎರಡು ಗಂಟೆಗಿಂತ ಕಡಿಮೆ ಇದ್ದರೆ ಸ್ಟೀಮ್ ದುಡ್ಡು ವಾಪಸ್ ಕೊಡುತ್ತದೆ. ಫ್ರೇಮ್ ಲೆಕ್ಕ ತೋರಿಸುವ ಮ್ಯಾಂಗೋಹಡ್ ಹಾಕಿಕೊಂಡು ಮೊದಲ ಇಪ್ಪತ್ತು ನಿಮಿಷದಲ್ಲೇ ತೀರ್ಮಾನಿಸಿ. ಕಪ್ಪು ಪರದೆ ತೆರೆದಿಟ್ಟು ಊಟಕ್ಕೆ ಹೋದರೆ ಆ ಹೊತ್ತೂ ಲೆಕ್ಕಕ್ಕೆ ಬರುತ್ತದೆ.

ಮಧ್ಯೆ ಒಂದು ಪ್ರಯೋಗ. ವೆಸ್ನಾತ್ ಎಂಬ ಉಚಿತ ಗೇಮಿನ ಮೆನುವಿನ ಐವತ್ತು ಅರುವತ್ತು ಪದಗಳನ್ನು ಕನ್ನಡಕ್ಕೆ ಹಾಕಿ ನೋಡಿದೆ. ಅದರಲ್ಲಿ ಅಕ್ಷರ ಕೂಡಿಸುವ ಕೆಲಸ ಪ್ಯಾಂಗೋ ಎಂಬ ತಂತ್ರಾಂಶ ಮಾಡುವುದರಿಂದ, ನೋಟೋ ಕನ್ನಡ ಫಾಂಟಿನಲ್ಲಿ "ಶಸ್ತ್ರ", "ಯುದ್ಧಕ್ಷೇತ್ರ" ಒತ್ತಕ್ಷರ ಸಮೇತ ಮುದ್ದಾಗಿ ಬಂದವು. ಅದೇ ಪದಗಳನ್ನು ಗೇಮ್ ಎಂಜಿನ್ ಗೊಡೋ 3ರಲ್ಲಿ ಹಾಕಿದರೆ "ಶಸ್‌ತ್‌ರ" ಎಂದು ಬಿಡಿಬಿಡಿಯಾಗಿ ನಿಂತವು. 2023ರಲ್ಲಿ ಬಂದ ಗೊಡೋ 4ರಲ್ಲಿ ಅಕ್ಷರ ಕೂಡಿಸುವ ಹಾರ್ಫ್‌ಬಜ್ ಸೇರಿದೆ, ಅಲ್ಲಿ ಸರಿಯಾಗಿ ಕೂಡುತ್ತವೆ. ಕನ್ನಡದಲ್ಲಿ ಗೇಮ್ ಮಾಡಬೇಕೆಂದಿರುವವರು ದಯವಿಟ್ಟು 3ರಲ್ಲಿ ಶುರುಮಾಡಬೇಡಿ. ಅರ್ಧ ಕೆಲಸ ಮುಗಿದ ಮೇಲೆ 4ಕ್ಕೆ ಸಾಗಿಸುವುದು ಬಹಳ ಹಿಂಸೆ.

ಒಟ್ಟು ಖರ್ಚು, ಕಾರ್ಡಿನಲ್ಲಿ ಕಳೆದ ₹900 ಸೇರಿ, ₹17,000ದ ಒಳಗೆ. ಕಾರ್ಡ್ ಬೇಡ ಎಂದರೆ ₹12,000ಕ್ಕೂ ಕಡಿಮೆ, ಹೇಡೀಸ್ ಒಂದು ಬಿಟ್ಟು ಮೇಲೆ ಹೇಳಿದ ಎಲ್ಲವೂ ಓಡುತ್ತವೆ. ಈಗಲೂ ಬಗ್ಗದೆ ಉಳಿದಿರುವುದು ಪುಣೆಯವರು ಮಾಡಿದ "ರಾಜಿ" ಎಂಬ ಗೇಮ್. ಅನ್‌ರಿಯಲ್ ಎಂಜಿನ್ನಿನದು, ಎಲ್ಲವನ್ನೂ ಕೆಳಗಿಳಿಸಿ 720ರಲ್ಲಿ ಇಟ್ಟರೂ ರಾಕ್ಷಸರು ಗುಂಪಾಗಿ ಬಂದಾಗ 30ಕ್ಕಿಂತ ಕೆಳಗೆ ಕುಸಿಯುತ್ತದೆ. ಪರದೆಯ ಗಾತ್ರವನ್ನು 540ಕ್ಕೆ ಇಳಿಸಿ ಗೇಮ್‌ಸ್ಕೋಪ್ ಎಂಬ ತಂತ್ರಾಂಶದಿಂದ ಹಿಗ್ಗಿಸುವ ಪ್ರಯತ್ನ ಈ ವಾರ ನಡೆದಿದೆ.