ಜಾಗ್ವಾರ್ ಇ-ಟೈಪ್ ಕಾರಿನ ಒಡೆತನ ಮತ್ತು ಜೀರ್ಣೋದ್ಧಾರದ ಇತಿಹಾಸವನ್ನು ದಾಖಲಿಸುವ ಬಗೆ

ಹಳೆಯ ಸ್ಪೋರ್ಟ್ಸ್ ಕಾರಿನ ಇತಿಹಾಸವನ್ನು ಬರೆಯಲು ಹೊರಟವರು ಕಡತವನ್ನು ಬಿಚ್ಚುವ ಮೊದಲು ಕಾರಿನ ಬಾನೆಟ್ ಎತ್ತಬೇಕು. ಕಾಗದಗಳು ಹೇಳುವುದನ್ನು ಲೋಹವೂ ಹೇಳಿದಾಗ ಮಾತ್ರ ಆ ಮಾತನ್ನು ಇತಿಹಾಸವೆಂದು ಬರೆದುಕೊಳ್ಳಬಹುದು. 1961ರ ಮಾರ್ಚ್‌ನಲ್ಲಿ ಜಿನೀವಾದಲ್ಲಿ ಬಿಡುಗಡೆಯಾಗಿ 1974ರವರೆಗೆ ತಯಾರಾದ ಜಾಗ್ವಾರ್ ಇ-ಟೈಪ್‌ನ ಆರು ಸಿಲಿಂಡರಿನ ಆರಂಭದ ಕಾರುಗಳನ್ನು ಉದಾಹರಣೆಯಾಗಿ ಇಟ್ಟುಕೊಂಡರೆ ಈ ಕೆಲಸದ ಕ್ರಮ ಚೆನ್ನಾಗಿ ತಿಳಿಯುತ್ತದೆ.

ಮೊದಲು ಚಾಸಿಸ್, ಎಂಜಿನ್, ಗೇರ್‌ಬಾಕ್ಸ್ ಮತ್ತು ಬಾಡಿ ಎಂಬ ನಾಲ್ಕು ಸಂಖ್ಯೆಗಳನ್ನು ಬರೆದುಕೊಳ್ಳಿ. ಎಂಜಿನ್ ಭಾಗದಲ್ಲಿ ರಿವೆಟ್ ಹೊಡೆದ ತಗಡಿನ ಫಲಕದಲ್ಲಿ ಇವು ಸಿಗುತ್ತವೆ. ಆದರೆ ಅಂಥ ಫಲಕಗಳನ್ನು ಈಗಲೂ ಹೊಸದಾಗಿ ಮಾಡಿಸಿ ಹಚ್ಚಬಹುದಾದ್ದರಿಂದ ಅಷ್ಟಕ್ಕೇ ನಿಲ್ಲಬಾರದು. ಎಂಜಿನ್ ಸಂಖ್ಯೆಯನ್ನು ಬ್ಲಾಕಿನ ಮೇಲೆ, ಆಯಿಲ್ ಫಿಲ್ಟರಿನ ಮೇಲ್ಭಾಗದಲ್ಲಿಯೂ ಸಿಲಿಂಡರ್ ಹೆಡ್ಡಿನ ಮೇಲೆಯೂ ಕೊರೆದಿರುತ್ತಾರೆ. ಆ ಜಾಗದ ಜಿಡ್ಡನ್ನು ಬಟ್ಟೆಯಿಂದ ಒರೆಸಿ, ಟಾರ್ಚನ್ನು ಓರೆಯಾಗಿ ಹಿಡಿದು ನೋಡಿ. ಅಂಕೆಗಳ ಸುತ್ತಲಿನ ಮೇಲ್ಮೈ ಮಾತ್ರ ಉಳಿದ ಬ್ಲಾಕಿಗಿಂತ ನುಣುಪಾಗಿದ್ದರೆ, ಇಲ್ಲವೇ ಅಲ್ಲಿ ಗ್ರೈಂಡರಿನ ಗೀರುಗಳು ಕಂಡರೆ, ಹಳೆಯ ಸಂಖ್ಯೆಯನ್ನು ಉಜ್ಜಿ ಹೊಸದನ್ನು ಕೊರೆದಿರುವ ಸಾಧ್ಯತೆಯನ್ನು ಗಂಭೀರವಾಗಿ ಪರಿಗಣಿಸಬೇಕು.

ಚಾಸಿಸ್ ಸಂಖ್ಯೆಯ ವಿಷಯ ಇನ್ನೂ ಸೂಕ್ಷ್ಮವಾದದ್ದು. ಇ-ಟೈಪ್‌ನ ಮುಂಭಾಗದ ಕೊಳವೆ ಚೌಕಟ್ಟುಗಳು ಬಾಡಿಗೆ ಬೋಲ್ಟುಗಳಿಂದ ಜೋಡಿಸಿದವು, ಮತ್ತು ಸಂಖ್ಯೆ ಕೊರೆದಿರುವುದು ಆ ಮುಂಭಾಗದ ಚೌಕಟ್ಟಿನ ಮೇಲೆಯೇ. ಅಪಘಾತದಿಂದಲೋ ತುಕ್ಕಿನಿಂದಲೋ ಚೌಕಟ್ಟು ಬದಲಾದಾಗ ಕಾರಿನ ಗುರುತೂ ಅದರೊಂದಿಗೆ ಕಳಚಿಹೋಗುತ್ತದೆ. ಬದಲಾಯಿಸಿದ್ದು ತಪ್ಪಲ್ಲ, ಸುರಕ್ಷತೆಗೆ ಅದು ಅಗತ್ಯವೇ ಆಗಿರಬಹುದು. ಆದರೆ ಅದು ಯಾವಾಗ ಆಯಿತು, ಯಾರು ಮಾಡಿದರು, ಹಳೆಯ ತುಂಡು ಎಲ್ಲಿದೆ ಎಂಬ ಪ್ರಶ್ನೆಗಳಿಗೆ ಕಡತದಲ್ಲಿ ಉತ್ತರವಿರಬೇಕು. ಸಂಖ್ಯೆಯ ಸರಣಿಯೂ ತಾನಾಗಿ ಮಾತಾಡುತ್ತದೆ: 3.8 ಲೀಟರ್ ಎಂಜಿನ್ನಿನ ತೆರೆದ ಕಾರುಗಳಲ್ಲಿ ಬಲಗಡೆ ಸ್ಟಿಯರಿಂಗ್ ಇರುವವು 850001ರಿಂದಲೂ ಎಡಗಡೆ ಇರುವವು 875001ರಿಂದಲೂ ಆರಂಭವಾಗುತ್ತವೆ. ಹೀಗಾಗಿ 875ರಿಂದ ಶುರುವಾಗುವ ಸಂಖ್ಯೆಯ ಕಾರಿಗೆ ಈಗ ಬಲಗಡೆ ಸ್ಟಿಯರಿಂಗ್ ಇದ್ದರೆ ಅದನ್ನು ಮುಂದೆ ಎಂದೋ ಬದಲಾಯಿಸಲಾಗಿದೆ.

ಇದಾದ ಮೇಲೆ, ಕಂಪನಿಯ ಹಳೆಯ ದಾಖಲೆಗಳನ್ನು ಕಾಪಾಡುವ ಜಾಗ್ವಾರ್ ಡೈಮ್ಲರ್ ಹೆರಿಟೇಜ್ ಟ್ರಸ್ಟ್‌ನಿಂದ ಪ್ರಮಾಣಪತ್ರವನ್ನು ತರಿಸಿಕೊಳ್ಳಿ. ಕಾರು ತಯಾರಾದ ದಿನ, ಕಾರ್ಖಾನೆ ಬಿಟ್ಟ ದಿನ, ಮೂಲ ಬಣ್ಣ, ಒಳಗಿನ ಚರ್ಮದ ಬಣ್ಣ, ಮೊದಲ ವಿತರಕರು ಮುಂತಾದ ವಿವರಗಳು ಅದರಲ್ಲಿರುತ್ತವೆ. ಅದು ಕಾರ್ಖಾನೆಯ ಬಾಗಿಲು ದಾಟಿದ ಕಾರಿನ ವಿವರವೇ ಹೊರತು ನಿಮ್ಮ ಮುಂದೆ ನಿಂತಿರುವ ಕಾರು ಅದೇ ಎಂಬುದಕ್ಕೆ ಖಾತರಿಯಲ್ಲ ಎಂಬುದನ್ನು ಅನೇಕರು ಮರೆಯುತ್ತಾರೆ, ಮತ್ತು ಈ ಮರೆವು ಬಹಳ ದುಬಾರಿಯಾಗುತ್ತದೆ.

ಒಡೆತನದ ಸರಪಳಿಯನ್ನು ಇಂದಿನ ಮಾಲೀಕರಿಂದ ಹಿಂದಕ್ಕೆ ಹೆಣೆಯುತ್ತ ಹೋಗುವುದು ಸುಲಭ. ಹಳೆಯ ನೋಂದಣಿ ಪುಸ್ತಕ, ಮಾರಾಟದ ರಶೀದಿ, ವಿಮೆಯ ಪತ್ರ, ರಿಪೇರಿ ಬಿಲ್ಲು ಎಲ್ಲವೂ ಉಪಯುಕ್ತವೇ. ಬ್ರಿಟನ್ನಿನಲ್ಲಿ ಓಡಿದ ಕಾರಾದರೆ 1960ರಲ್ಲಿ ಜಾರಿಗೆ ಬಂದ, ವಾಹನ ರಸ್ತೆಗಿಳಿಯಲು ಯೋಗ್ಯವೇ ಎಂದು ನೋಡುವ ಎಂಒಟಿ ಪರೀಕ್ಷೆಯ ಹಳೆಯ ಪತ್ರಗಳನ್ನು ವಿಶೇಷವಾಗಿ ಹುಡುಕಿ. ಅವುಗಳಲ್ಲಿ ನಮೂದಾದ ಮೈಲಿಗಳನ್ನು ದಿನಾಂಕದ ಕ್ರಮದಲ್ಲಿ ಬರೆದರೆ ಕಾರು ಓಡಿದ ವರ್ಷಗಳೂ ಸುಮ್ಮನೆ ನಿಂತ ವರ್ಷಗಳೂ ಬೇರೆಬೇರೆಯಾಗಿ ಕಾಣುತ್ತವೆ. ಐದು ಅಂಕೆಗಳ ಮೀಟರು 99,999 ದಾಟಿದೊಡನೆ ಸೊನ್ನೆಗೆ ಮರಳುತ್ತದೆ ಎಂಬುದು ನೆನಪಿರಲಿ. ಮಧ್ಯೆ ಕೆಲವು ವರ್ಷಗಳಿಗೆ ದಾಖಲೆಯೇ ಇಲ್ಲದಿದ್ದರೆ ಆ ಜಾಗವನ್ನು ಖಾಲಿಯಾಗಿಯೇ ಬಿಡಿ. ಊಹೆಯಿಂದ ತುಂಬಿದ ಒಂದು ಸಾಲು ನಿಜವಾದ ಹತ್ತು ಸಾಲುಗಳ ಮೇಲಿನ ನಂಬಿಕೆಯನ್ನೂ ಕೆಡಿಸುತ್ತದೆ.

ಜೀರ್ಣೋದ್ಧಾರದ ಜಾಡು ಹಿಡಿಯಲು ಸಣ್ಣ ಬಿಡಿಭಾಗಗಳೇ ನೆರವಾಗುತ್ತವೆ. ವಿದ್ಯುತ್ ಬಿಡಿಭಾಗಗಳನ್ನು ತಯಾರಿಸುತ್ತಿದ್ದ ಲ್ಯೂಕಾಸ್ ಕಂಪನಿಯ ಡಿಸ್ಟ್ರಿಬ್ಯೂಟರ್ (ಸಿಲಿಂಡರುಗಳಿಗೆ ಕಿಡಿಯ ವಿದ್ಯುತ್ತನ್ನು ಹಂಚುವ ಭಾಗ), ಸ್ಟಾರ್ಟರ್ ಮೊದಲಾದವುಗಳ ಮೇಲೆ ಅವು ತಯಾರಾದ ಕಾಲವನ್ನು ಕೊರೆದಿರುತ್ತಾರೆ. ಅದು ಕಾರು ತಯಾರಾದ ದಿನಕ್ಕಿಂತ ಈಚಿನದಾಗಿದ್ದರೆ ಆ ಭಾಗ ಬದಲಾಗಿದೆ. ಇ-ಟೈಪ್‌ನ ಚಪ್ಪಟೆ ನೆಲವೂ ಇಂಥದೇ ಗುರುತು: 1962ರ ಆರಂಭದವರೆಗಿನ ಕಾರುಗಳಲ್ಲಿ ಮಾತ್ರ ಅದು ಇತ್ತು, ಆಮೇಲೆ ಕಾಲಿಡುವ ಜಾಗವನ್ನು ತಗ್ಗಿಸಲಾಯಿತು. ಬಣ್ಣದ ದಪ್ಪವನ್ನು ಅಳೆಯುವ ಉಪಕರಣ ಬಾಗಿಲಿನ ಮೇಲ್ಭಾಗದಲ್ಲಿ 150 ಮೈಕ್ರಾನ್ ತೋರಿಸಿ ಕೆಳಭಾಗದಲ್ಲಿ 900 ತೋರಿಸಿದರೆ ಅಲ್ಲಿ ಪುಟ್ಟಿ ತುಂಬಿದ್ದಾರೆ. ಮೂಲ ಬಣ್ಣ ತಿಳಿಯಲು ಬಾಗಿಲಿನ ಒಳಹಲಗೆಯನ್ನು ಬಿಚ್ಚಿ ನೋಡಿ. ಹೊರಮೈಯನ್ನು ಎಷ್ಟು ಸಲ ಬಳಿದಿದ್ದರೂ ಆ ಮರೆಯಲ್ಲಿ ಕಾರ್ಖಾನೆಯ ಬಣ್ಣ ಉಳಿದಿರುವುದುಂಟು. ಆ ತುಣುಕು ಸಿಕ್ಕಿದ ಗಳಿಗೆಯ ಸಂತೋಷ ಈ ಕೆಲಸದ ಎಲ್ಲ ಶ್ರಮವನ್ನೂ ಮರೆಸುತ್ತದೆ. ಅದನ್ನು ಹೊಸ ಬಣ್ಣದಿಂದ ಮುಚ್ಚಬೇಡಿ.

ಬರೆಯುವಾಗ ಪ್ರತಿ ಘಟನೆಯ ಎದುರಿಗೆ ದಿನಾಂಕವನ್ನೂ ಅದು ತಿಳಿದ ಮೂಲವನ್ನೂ ನಮೂದಿಸಿ. ಬಿಲ್ಲಿನಿಂದ ತಿಳಿದದ್ದು, ಹಿಂದಿನ ಮಾಲೀಕರು ಬಾಯಲ್ಲಿ ಹೇಳಿದ್ದು, ನೀವೇ ಕಣ್ಣಾರೆ ಕಂಡದ್ದು, ಈ ಮೂರೂ ಒಂದರೊಳಗೊಂದು ಬೆರೆಯಬಾರದು. ಈಗ ನೀವೇ ಕೆಲಸ ಮಾಡಿಸುತ್ತಿದ್ದರೆ, ಬಿಚ್ಚುವ ಮೊದಲು, ಬಿಚ್ಚಿದ ಮೇಲೆ ಮತ್ತು ಬಣ್ಣ ಬಳಿಯುವ ಮೊದಲು ಪ್ರತಿ ಭಾಗದ ಫೋಟೋ ತೆಗೆಸಿ. ಸಂಖ್ಯೆ ಕೊರೆದ ಹಳೆಯ ಚೌಕಟ್ಟನ್ನು ಗುಜರಿಗೆ ಹಾಕಬೇಡಿ. ಅದಕ್ಕೊಂದು ಚೀಟಿ ಕಟ್ಟಿ, ತೆಗೆದ ದಿನಾಂಕವನ್ನು ಬರೆದು, ಕಾರು ಮುಂದೆ ಯಾರ ಕೈಗೆ ಹೋದರೂ ಅದರ ಜೊತೆಗೇ ಕಳಿಸಿಕೊಡಿ.