ಊಟದ ಮೇಜಿನ ಮೇಲೆ ಲೆಕ್ಕದ ಪುಸ್ತಕ ಬೇಡ

ನನಗೆ ನಲವತ್ತರ ಆಸುಪಾಸಿನಲ್ಲಿ ಒಂದು ವಿಚಿತ್ರ ತೊಂದರೆ ಇತ್ತು. ತಿಂಗಳ ಕೊನೆಯ ವಾರ ಬಂತೆಂದರೆ ಸಾಕು, ರಾತ್ರಿ ಊಟ ಆದಮೇಲೆ ಎದೆಯ ಹತ್ತಿರ ಉರಿ, ಹೊಟ್ಟೆ ಉಬ್ಬರ. ಖಾರ ಬಿಟ್ಟೆ. ಕರಿದದ್ದು ಬಿಟ್ಟೆ. ಹುಳಿ ಬಿಟ್ಟೆ. ಬಿಡೋದಕ್ಕೆ ಇನ್ನೇನೂ ಉಳಿದಿರಲಿಲ್ಲ, ಉರಿ ಮಾತ್ರ ನನ್ನನ್ನು ಬಿಡಲಿಲ್ಲ. ಒಂದು ದಿನ ನನ್ನ ಮಗಳು, ಆಗ ಅವಳಿಗೆ ಹತ್ತು ವರ್ಷ, ತಟ್ಟೆ ಮುಂದೆ ಕೂತವಳು ಮೇಜಿನ ಕಡೆ ನೋಡಿ, "ಅಮ್ಮಾ, ಇವತ್ತು ಲೆಕ್ಕದ ದಿನಾನಾ? ಹಾಗಿದ್ರೆ ನಂಗೆ ಊಟ ಬೇಡ" ಅಂದಳು.

ನಿಜ. ತಿಂಗಳ ಖರ್ಚಿನ ಲೆಕ್ಕ, ಸಾಲದ ಕಂತು, ಯಾರಿಗೆ ಎಷ್ಟು ಕೊಡಬೇಕು ಅನ್ನೋ ವಾದ, ಎಲ್ಲ ನಡೀತಿದ್ದದ್ದು ರಾತ್ರಿ ಊಟದ ಹೊತ್ತಿಗೇ. ಮನೆಯವರೆಲ್ಲ ಒಟ್ಟಿಗೆ ಸಿಗೋದು ಆಗ ಮಾತ್ರ, ಅಲ್ವಾ? ಒಂದು ಕೈಯಲ್ಲಿ ತುತ್ತು, ಇನ್ನೊಂದರಲ್ಲಿ ಪೆನ್ನು. ಮುಂದಿನ ತಿಂಗಳಿಂದ ಲೆಕ್ಕವನ್ನು ಭಾನುವಾರ ಬೆಳಿಗ್ಗೆ ತಿಂಡಿ ಮುಗಿದ ಮೇಲೆ ಇಟ್ಟುಕೊಂಡೆವು. ಸಾಲವೇನೂ ಕಮ್ಮಿ ಆಗಲಿಲ್ಲ. ಉರಿ ಎರಡು ಮೂರು ತಿಂಗಳಲ್ಲಿ ಇಳಿಯಿತು. ಬಿಟ್ಟಿದ್ದ ಖಾರ ಮತ್ತೆ ತಟ್ಟೆಗೆ ಬಂತು.

ನಮ್ಮ ಮಾತಿನಲ್ಲೇ ಇದೆಲ್ಲ ಇದೆ ನೋಡಿ. ಅಸೂಯೆ ಆದರೆ ಹೊಟ್ಟೆ ಉರಿ. ಮರುಕ ಆದರೆ ಕರುಳು ಚುರುಕ್ ಅನ್ನುತ್ತದೆ. ತಪ್ಪಾಯಿತು ಅಂದರೆ "ಹೊಟ್ಟೆಗೆ ಹಾಕ್ಕೊಳ್ಳಿ" ಅಂತೀವಿ. ಮನಸ್ಸಿಗಾದದ್ದನ್ನು ಹೊಟ್ಟೆಯ ಲೆಕ್ಕಕ್ಕೆ ಬರೆಯೋದು ನಮಗೆ ಹಳೇ ಅಭ್ಯಾಸ.

ಇದನ್ನು ಕಣ್ಣಾರೆ ಕಂಡ ಡಾಕ್ಟರ್ ಕೂಡ ಒಬ್ಬರಿದ್ದರು. 1822ರಲ್ಲಿ ಅಮೆರಿಕದಲ್ಲಿ ಅಲೆಕ್ಸಿಸ್ ಸೇಂಟ್ ಮಾರ್ಟಿನ್ ಅನ್ನುವ ಯುವಕನ ಹೊಟ್ಟೆಗೆ ಅಕಸ್ಮಾತ್ತಾಗಿ ಗುಂಡು ಬಿತ್ತು. ಜೀವ ಉಳಿಯಿತು, ಆದರೆ ಹೊಟ್ಟೆಯ ತೂತು ಪೂರ್ತಿ ಮುಚ್ಚಲೇ ಇಲ್ಲ. ವಿಲಿಯಂ ಬೋಮಾಂಟ್ ಅನ್ನುವ ಡಾಕ್ಟರ್ ಆ ತೂತಿನಿಂದಲೇ ಒಳಗಿನ ಕೆಲಸವನ್ನು ವರ್ಷಗಟ್ಟಲೆ ನೋಡಿ 1833ರಲ್ಲಿ ಬರೆದಿಟ್ಟರು. ಮಾರ್ಟಿನ್‌ಗೆ ಸಿಟ್ಟು ಬಂದ ಹೊತ್ತಿನಲ್ಲಿ ಜೀರ್ಣದ ಕೆಲಸ ಏರುಪೇರಾಗುತ್ತಿತ್ತು ಅನ್ನೋದೂ ಅದರಲ್ಲಿದೆ. ಆ ಶತಮಾನದ ಕೊನೆಗೆ ವಾಲ್ಟರ್ ಕ್ಯಾನನ್ ಅನ್ನುವ ಅಮೆರಿಕದ ವಿಜ್ಞಾನಿ ಬೆಕ್ಕುಗಳ ಹೊಟ್ಟೆಯನ್ನು ಎಕ್ಸ್‌ರೇಯಲ್ಲಿ ನೋಡಿದರು. ಬೆಕ್ಕು ಗಾಬರಿಯಾದರೆ ಹೊಟ್ಟೆ ಅಲುಗಾಡುವುದೇ ನಿಂತುಹೋಗುತ್ತಿತ್ತು. ಸಮಾಧಾನವಾದ ಮೇಲೆ ಮತ್ತೆ ಶುರು. ಪಾಪ, ಬೆಕ್ಕಿಗೆ ಸಾಲ ಇರಲಿಲ್ಲ, ಆದರೂ.

ಒಳಗೆ ಆಗೋದು ಇಷ್ಟು. ಮನಸ್ಸಿಗೆ ಅಪಾಯ ಅನ್ನಿಸಿದ ಕೂಡಲೇ ಮಿದುಳು ಸುದ್ದಿ ಕಳಿಸುತ್ತದೆ. ಎರಡು ಮೂತ್ರಪಿಂಡಗಳ ಮೇಲೆ ಟೋಪಿ ಇಟ್ಟ ಹಾಗೆ ಕೂತಿರುವ ಅಡ್ರಿನಲ್ ಗ್ರಂಥಿಗಳು ಮೊದಲು ಅಡ್ರಿನಲಿನ್, ಆಮೇಲೆ ಕಾರ್ಟಿಸೋಲ್ ಅನ್ನುವ ಒತ್ತಡದ ಹಾರ್ಮೋನುಗಳನ್ನು ಬಿಡುತ್ತವೆ. ಎದೆ ಬಡಿತ ಏರುತ್ತದೆ, ರಕ್ತದಲ್ಲಿ ಸಕ್ಕರೆ ಏರುತ್ತದೆ, ರಕ್ತ ಕೈಕಾಲಿಗೆ ಹರಿಯುತ್ತದೆ. ಓಡಬೇಕಾದಾಗ ಅಡುಗೆಮನೆ ಯಾರಿಗೆ ಬೇಕು? ಜೀರ್ಣದ ಕೆಲಸ ಆಮೇಲೆ ಅಂತ ಮುಂದೂಡಲಾಗುತ್ತದೆ. ಮೇಲಿನ ಹೊಟ್ಟೆ ನಿಧಾನ, ಕೆಳಗಿನ ದೊಡ್ಡ ಕರುಳು ಮಾತ್ರ ಅವಸರ. ಅದಕ್ಕೇ ಪರೀಕ್ಷೆ ಬೆಳಿಗ್ಗೆ ತಿಂಡಿ ಇಳಿಯಲ್ಲ, ಬಾತ್‌ರೂಮಿಗೆ ಮೂರು ಸಲ ಓಡಾಟ. ಮಗು ಸ್ಕೂಲಿಗೆ ಹೊರಡುವಾಗ ಹೊಟ್ಟೆನೋವು ಅಂದರೆ "ನಾಟಕ ಮಾಡಬೇಡ" ಅನ್ನಬೇಡಿ. ನೋವು ನಿಜವೇ. ಅದಕ್ಕೆ ಕಾರಣ ಡಬ್ಬಿಯಲ್ಲಿದೆಯೋ ಕ್ಲಾಸಿನಲ್ಲಿದೆಯೋ ಅಂತ ಪಕ್ಕದಲ್ಲಿ ಕೂತು ಕೇಳಿ.

ಕಾರ್ಟಿಸೋಲ್ ಕೆಟ್ಟದ್ದು ಅಂತ ಈಗ ಎಲ್ಲರೂ ಹೆದರಿಸುತ್ತಾರೆ. ಹಾಗೇನಿಲ್ಲ. ಬೆಳಿಗ್ಗೆ ನಮ್ಮನ್ನು ಎಬ್ಬಿಸಿ ನಿಲ್ಲಿಸೋದೇ ಅದು. ಎದ್ದು ಅರ್ಧ ಮುಕ್ಕಾಲು ಗಂಟೆಯಲ್ಲಿ ಅದು ತುಂಬ ಮೇಲಿರುತ್ತದೆ, ಆಮೇಲೆ ಇಳಿಯುತ್ತಾ ಬಂದು ನಡುರಾತ್ರಿ ಹೊತ್ತಿಗೆ ತೀರಾ ಕಮ್ಮಿ. ತೊಂದರೆ ಬರೋದು ಅದು ಇಳಿಯದೇ ಹೋದಾಗ, ರಾತ್ರಿ ಒಲೆ ಆರಿಸದೆ ಮಲಗಿದ ಹಾಗೆ. ನಿದ್ದೆ ಕೆಡುತ್ತದೆ. ಸಿಹಿ, ಕರಿದದ್ದು ಬೇಕು ಅನ್ನಿಸುತ್ತದೆ. ತಿಂದದ್ದು ಸೊಂಟದ ಸುತ್ತ ಸೇರುತ್ತದೆ. ಮನೆಯಲ್ಲಿ ಯಾರಾದರೂ ರಾತ್ರಿ ಹನ್ನೊಂದಕ್ಕೆ ಬಿಸ್ಕತ್ ಡಬ್ಬಿ ಹುಡುಕುತ್ತಿದ್ದರೆ ಬೈಯೋದಕ್ಕಿಂತ ಮುಂಚೆ ಅವರ ದಿನ ಹೇಗಿತ್ತು ಅಂತ ಕೇಳಿ.

ಈಗ ಕೆಳಗಿನಿಂದ ಮೇಲಕ್ಕೆ ಹೋಗುವ ಸುದ್ದಿ. ಹೊಟ್ಟೆಗೂ ಮಿದುಳಿಗೂ ನಡುವೆ ವೇಗಸ್ ಅನ್ನುವ ಉದ್ದದ ನರ ಇದೆ. ಅದರ ಎಳೆಗಳಲ್ಲಿ ನೂರಕ್ಕೆ 80ರಷ್ಟು ಮೇಲಕ್ಕೇ ಸುದ್ದಿ ಒಯ್ಯುತ್ತವೆ. ಮಿದುಳು ಹೊಟ್ಟೆಗೆ ಹೇಳೋದಕ್ಕಿಂತ ಹೊಟ್ಟೆ ಮಿದುಳಿಗೆ ಹೇಳೋದೇ ಜಾಸ್ತಿ. ಖುಷಿಯ ರಾಸಾಯನಿಕ ಅಂತ ಹೆಸರಾದ ಸೆರೊಟೋನಿನ್ ಮೈಯಲ್ಲಿ ಎಷ್ಟಿದೆಯೋ ಅದರಲ್ಲಿ ನೂರಕ್ಕೆ 90ರಷ್ಟು ಇರೋದೂ ಕರುಳಿನಲ್ಲೇ. ಹಾಗಂತ "ಇದನ್ನು ತಿಂದರೆ ಖುಷಿ ಬರುತ್ತೆ" ಅಂತ ಮಾರೋ ಪುಡಿಗಳನ್ನು ನಂಬಬೇಡಿ. ಕರುಳಿನ ಸೆರೊಟೋನಿನ್ ಮಿದುಳಿನ ಒಳಗೆ ಹೋಗೋದಿಲ್ಲ. ಅದರ ಕೆಲಸ ಮುಖ್ಯವಾಗಿ ಕರುಳಿನಲ್ಲೇ. "ಕಾರ್ಟಿಸೋಲ್ ಇಳಿಸುವ ಪಾನೀಯ", "ಕರುಳು ತೊಳೆಯುವ ಮೂರು ದಿನದ ಕೋರ್ಸ್", ಇವಕ್ಕೆ ಕೊಡುವ ದುಡ್ಡಿಗೆ ಹಣ್ಣು ತರಕಾರಿ ತನ್ನಿ.

ಕರುಳಿನಲ್ಲಿ ಕೋಟಿಗಟ್ಟಲೆ ಸೂಕ್ಷ್ಮ ಜೀವಿಗಳು ಸಂಸಾರ ಹೂಡಿವೆ. ನಮಗೆ ಜೀರ್ಣವಾಗದ ನಾರು ಅವಕ್ಕೆ ಊಟ. ಅದನ್ನು ತಿಂದು ಅವು ಕೊಡುವ ಬ್ಯುಟಿರೇಟ್ ಅನ್ನೋ ವಸ್ತು ದೊಡ್ಡ ಕರುಳಿನ ಒಳಪದರಕ್ಕೆ ಮುಖ್ಯ ಆಹಾರ. ನಾವು ನಾರು ತಿನ್ನದಿದ್ದರೆ ಅವೂ ಉಪವಾಸ, ಕರುಳೂ ಅರೆಹೊಟ್ಟೆ. ಒಂದೂ ಸೂಕ್ಷ್ಮ ಜೀವಿ ಇಲ್ಲದ ಹಾಗೆ ಬೆಳೆಸಿದ ಇಲಿಗಳು ಒತ್ತಡ ಬಂದಾಗ ಮಾಮೂಲಿ ಇಲಿಗಳಿಗಿಂತ ಜಾಸ್ತಿ ಒತ್ತಡದ ಹಾರ್ಮೋನ್ ಬಿಟ್ಟವು ಅಂತ 2004ರಲ್ಲಿ ಜಪಾನಿನ ಸಂಶೋಧಕರು ತೋರಿಸಿದರು. ಇಲಿಯ ಮಾತನ್ನು ನೇರ ಮನುಷ್ಯರಿಗೆ ಅಂಟಿಸಬಾರದು, ಸರಿ. ಆದರೂ ಕಡೆಗಣಿಸುವ ಮಾತಲ್ಲ.

ದೊಡ್ಡವರಿಗೆ ದಿನಕ್ಕೆ ಕನಿಷ್ಠ 25 ಗ್ರಾಂ ನಾರು, 400 ಗ್ರಾಂ ಹಣ್ಣು ತರಕಾರಿ ಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತದೆ. ತಕ್ಕಡಿ ಹಿಡಿಯೋದು ಬೇಡ. ಬೇಯಿಸಿದ ಕಾಳು ಒಂದು ಕಪ್ ತಿಂದರೆ 12ರಿಂದ 15 ಗ್ರಾಂ ಬಂತು, ಸಿಪ್ಪೆ ಸಮೇತ ಒಂದು ಸೇಬು ತಿಂದರೆ 4 ಗ್ರಾಂ ಸೇರಿತು. ಇಲ್ಲಿ ಎಲ್ಲರೂ ಮಾಡುವ ತಪ್ಪು ಒಂದಿದೆ. ಇವತ್ತು ಓದಿದರು, ನಾಳೆಯಿಂದ ಮೂರು ಹೊತ್ತೂ ಕಾಳು. ಮೂರನೇ ದಿನ ಹೊಟ್ಟೆ ನಗಾರಿ. "ನಂಗೆ ನಾರು ಆಗಿಬರಲ್ಲ" ಅಂತ ಬಿಟ್ಟೇಬಿಡುತ್ತಾರೆ. ಮೊದಲ ವಾರ ಎರಡು ಚಮಚ ಕಾಳು ಸಾಕು. ಮುಂದಿನ ವಾರ ನಾಲ್ಕು. ಜೊತೆಗೆ ನೀರು ಜಾಸ್ತಿ ಕುಡಿಯಿರಿ, ಇಲ್ಲದಿದ್ದರೆ ನಾರೇ ಮಲಬದ್ಧತೆ ತರುತ್ತದೆ.

ಕಾಳು ನೆನೆಸುವುದನ್ನೂ ಹೇಳಿಬಿಡುತ್ತೇನೆ. ರಾತ್ರಿ ಧಾರಾಳ ನೀರಿನಲ್ಲಿ ನೆನೆಹಾಕಿ. ಬೆಳಿಗ್ಗೆ ನೀರು ಮಬ್ಬಾಗಿರುತ್ತದೆ, ಅಂಚಿನಲ್ಲಿ ಸಣ್ಣ ನೊರೆ ಕಟ್ಟಿರುತ್ತದೆ. ಆ ನೀರನ್ನು ಚೆಲ್ಲಿ, ಎರಡು ಸಲ ತೊಳೆದು, ಹೊಸ ನೀರಿನಲ್ಲಿ ಬೇಯಿಸಿ. ಗ್ಯಾಸ್ ಮಾಡುವ ಸಕ್ಕರೆಯ ಅಂಶ ಒಂದಷ್ಟು ಆ ನೀರಿನ ಜೊತೆ ಹೋಗುತ್ತದೆ. ಬೆರಳಲ್ಲಿ ಹಿಚುಕಿದರೆ ನಡುವೆ ಗಟ್ಟಿ ಸಿಗಬಾರದು, ಅಷ್ಟು ಬೇಯಲಿ. ಹುದುಗಿಸಿದ್ದೂ ತಟ್ಟೆಯಲ್ಲಿರಲಿ, ಮೊಸರು ಸಾಕು. ಅದನ್ನು ಕುದಿಸಿಬಿಟ್ಟರೆ ಒಳಗಿನ ಜೀವಿಗಳು ಸಾಯುತ್ತವೆ, ತಣ್ಣಗೇ ತಿನ್ನಿ.

ಇನ್ನು ಹೊಟ್ಟೆಯ ಕಸ ಗುಡಿಸುವ ವಿಷಯ. ಊಟ ಜೀರ್ಣವಾಗಿ ಹೊಟ್ಟೆ ಖಾಲಿಯಾದ ಮೇಲೆ ಸುಮಾರು ಒಂದೂವರೆ ಎರಡು ಗಂಟೆಗೊಮ್ಮೆ ಮೇಲಿನಿಂದ ಕೆಳಕ್ಕೆ ಒಂದು ಅಲೆ ಸಾಗುತ್ತದೆ. ಉಳಿದ ಚೂರುಪಾರು ಎಲ್ಲವನ್ನೂ ಮುಂದಕ್ಕೆ ತಳ್ಳುತ್ತದೆ. ಹೊಟ್ಟೆ ಗುರ್ ಅನ್ನೋದು ಎಷ್ಟೋ ಸಲ ಅದರದ್ದೇ ಸದ್ದು. ನಾವೇನು ಮಾಡುತ್ತೇವೆ? ಗುರ್ ಅಂದ ಕೂಡಲೇ ಬಾಯಿಗೆ ಏನಾದರೂ ಹಾಕುತ್ತೇವೆ. ಗುಡಿಸುವ ಕೆಲಸ ಅರ್ಧಕ್ಕೇ ನಿಲ್ಲುತ್ತದೆ. ಎರಡು ಊಟಗಳ ನಡುವೆ ಮೂರು ನಾಲ್ಕು ಗಂಟೆ ಸುಮ್ನೆ ಬಿಡಿ. ಚಿಕ್ಕ ಮಕ್ಕಳು, ಬಸುರಿಯರು, ಸಕ್ಕರೆ ಕಾಯಿಲೆಗೆ ಔಷಧಿ ತೆಗೆದುಕೊಳ್ಳುವವರು ಇದನ್ನು ಪಾಲಿಸಬೇಕಿಲ್ಲ, ಅವರಿಗೆ ಡಾಕ್ಟರ್ ಹೇಳಿದ್ದೇ ಸರಿ.

ಊಟಕ್ಕೆ ಕೂತ ಮೇಲೆ ಒಂದೆರಡು ನಿಮಿಷ ಸುಮ್ಮನಿರಿ. ಉಸಿರು ನಿಧಾನವಾಗಿ ಒಳಗೆ, ಅದಕ್ಕಿಂತ ನಿಧಾನವಾಗಿ ಹೊರಗೆ, ನಿಮಿಷಕ್ಕೆ ಆರು ಸಲದಷ್ಟು. ಉಸಿರು ಹೊರಗೆ ಹೋಗುವಾಗ ಆ ವೇಗಸ್ ನರವೇ ಎದೆ ಬಡಿತವನ್ನು ಇಳಿಸುತ್ತದೆ, ನಾಡಿ ಹಿಡಿದು ನೋಡಿದರೆ ಕೆಲವರಿಗೆ ಗೊತ್ತಾಗುತ್ತದೆ. ಟಿವಿ ಸುದ್ದಿ, ಮಾರ್ಕ್ಸ್ ಕಾರ್ಡು, ಆಫೀಸಿನ ಫೋನು ಆಮೇಲೆ. ಊಟವಾದ ಮೇಲೆ ಹತ್ತು ಹದಿನೈದು ನಿಮಿಷ ಮೆಲ್ಲಗೆ ಓಡಾಡಿದರೆ ರಕ್ತದಲ್ಲಿ ಸಕ್ಕರೆ ಅಷ್ಟಾಗಿ ಏರುವುದಿಲ್ಲ. ಕಾಫಿ ಬಿಡಿ ಅನ್ನೋ ಧೈರ್ಯ ನನಗಿಲ್ಲ. ಆದರೆ ಕುಡಿದ ಕೆಫೀನ್‌ನಲ್ಲಿ ಅರ್ಧ ಸುಮಾರು ಐದು ಗಂಟೆ ಆದಮೇಲೂ ಮೈಯಲ್ಲೇ ಇರುತ್ತದೆ. ಸಂಜೆ ಐದರ ಕಾಫಿ ರಾತ್ರಿ ಹತ್ತಕ್ಕೂ ಅರ್ಧ ಲೋಟ ಉಳಿದಿದೆ ಅಂದುಕೊಳ್ಳಿ. ಬೆಳಿಗ್ಗೆ ತಿಂಡಿಯಾದ ಮೇಲೆ ದೊಡ್ಡ ಕರುಳು ತಾನಾಗಿ ಚುರುಕಾಗುತ್ತದೆ, ಆಗ ಬಾತ್‌ರೂಮಿಗೆ ಹತ್ತು ನಿಮಿಷ ಬಿಡುವು ಇಟ್ಟುಕೊಳ್ಳಿ. ಕಮೋಡ್ ಆದರೆ ಕಾಲ ಕೆಳಗೆ ಒಂದು ಗಿಡ್ಡ ಸ್ಟೂಲ್. ಫೋನ್ ಹೊರಗೇ ಇರಲಿ.

ಎಲ್ಲವನ್ನೂ ಒತ್ತಡದ ತಲೆಗೆ ಕಟ್ಟಬೇಡಿ, ಇದು ಗಟ್ಟಿಯಾಗಿ ಹೇಳಬೇಕಾದ ಮಾತು. ಹೊಟ್ಟೆಹುಣ್ಣು ಚಿಂತೆಯಿಂದಲೇ ಬರುತ್ತದೆ ಅಂತ ಡಾಕ್ಟರುಗಳೇ ನಂಬಿದ್ದ ಕಾಲವಿತ್ತು. ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಹೆಲಿಕೋಬ್ಯಾಕ್ಟರ್ ಪೈಲೋರಿ ಅನ್ನುವ ಬ್ಯಾಕ್ಟೀರಿಯಾವನ್ನು ತಾವೇ ಕುಡಿದು, ಹೊಟ್ಟೆಯ ಉರಿಯೂತ ತಂದುಕೊಂಡು ತೋರಿಸಿದರು. 2005ರಲ್ಲಿ ಅವರಿಗೂ ಅವರ ಜೊತೆ ಕೆಲಸ ಮಾಡಿದ ರಾಬಿನ್ ವಾರೆನ್ ಅವರಿಗೂ ನೊಬೆಲ್ ಬಂತು. ಈಗ ಆ ಹುಣ್ಣಿಗೆ ಆಂಟಿಬಯಾಟಿಕ್ ಕೊಡುತ್ತಾರೆ. ನನ್ನ ಸೊಸೆಯೂ ವರ್ಷಗಟ್ಟಲೆ ಸುಸ್ತು, ಸಿಡಿಮಿಡಿ ಅಂತಿದ್ದಳು. "ಸ್ಟ್ರೆಸ್ ಅತ್ತೆ, ಹೋಗುತ್ತೆ ಬಿಡಿ" ಅನ್ನೋಳು. ರಕ್ತ ನೋಡಿಸಿದರೆ ಕಬ್ಬಿಣದ ಅಂಶ ತೀರಾ ಕೆಳಗೆ. ಮಾತ್ರೆ ಕೊಟ್ಟರು. ಊಟದ ಜೊತೆಗೇ ಟೀ ಕುಡಿಯುವ ಅಭ್ಯಾಸವನ್ನೂ ಬಿಡಿಸಿದೆವು, ಟೀ ಕಾಫಿ ಕಬ್ಬಿಣವನ್ನು ಮೈಗೆ ಸರಿಯಾಗಿ ಹತ್ತಲು ಬಿಡೋದಿಲ್ಲ. ಊಟಕ್ಕೂ ಟೀಗೂ ಒಂದು ಗಂಟೆ ಅಂತರ ಇರಲಿ. ನಿಂಬೆ, ಕಿತ್ತಳೆ ಜೊತೆಗಿದ್ದರೆ ಚೆನ್ನಾಗಿ ಹತ್ತುತ್ತದೆ. ಬಿ12 ವಿಟಮಿನ್ ಕೊರತೆ, ಥೈರಾಯ್ಡ್ ತೊಂದರೆ ಕೂಡ ಹೀಗೇ ಸುಸ್ತಿನ ವೇಷದಲ್ಲಿ ಬರುತ್ತವೆ.

ಮಲದಲ್ಲಿ ರಕ್ತ, ಡಾಂಬರಿನಂಥ ಕಪ್ಪು ಮಲ, ಕಾರಣವಿಲ್ಲದೆ ತೂಕ ಇಳಿಯೋದು, ನುಂಗಲು ಕಷ್ಟ, ನಿದ್ದೆಯಿಂದ ಎಬ್ಬಿಸುವ ಹೊಟ್ಟೆನೋವು, ಐವತ್ತು ದಾಟಿದ ಮೇಲೆ ಮಲದ ಅಭ್ಯಾಸ ಬದಲಾಗೋದು, ಇಂಥದ್ದಕ್ಕೆ ಮನೆಮದ್ದು ಬೇಡ, ಡಾಕ್ಟರ್ ಹತ್ತಿರ ಹೋಗಿ. ಎದೆ ಒತ್ತಿದ ಹಾಗಾಗಿ ಬೆವರು ಬಂದರೆ ಗ್ಯಾಸ್ ಅಂತ ಕಾಯುತ್ತಾ ಕೂರಬೇಡಿ, ಆಗಲೇ ಆಸ್ಪತ್ರೆಗೆ.

ಅವಸರವಿಲ್ಲದ ತೊಂದರೆಗೆ ಡಾಕ್ಟರ್ ಹತ್ತಿರ ಹೋಗುವಾಗ ಎರಡು ವಾರದ ಚೀಟಿ ಒಯ್ಯಿರಿ. ಎಷ್ಟು ಹೊತ್ತಿಗೆ ಏನು ತಿಂದಿರಿ, ಆಗ ಏನು ನಡೀತಿತ್ತು, ಆಮೇಲೆ ಹೊಟ್ಟೆ ಹೇಗಿತ್ತು, ಎಷ್ಟು ಗಂಟೆ ನಿದ್ದೆ. ಸೊಸೆ ಹಳೇ ಬಿಲ್ಲುಗಳ ಹಿಂಭಾಗದಲ್ಲಿ ಬರೆದಿದ್ದಳು. "ಬುಧವಾರ. ಮಧ್ಯಾಹ್ನದ ಊಟ ಮೂರೂವರೆಗೆ, ನಿಂತುಕೊಂಡೇ. ಮ್ಯಾನೇಜರ್ ಫೋನ್. ಸಂಜೆ ಉಬ್ಬರ." ಡಾಕ್ಟರ್ ಕನ್ನಡಕ ಹಾಕಿಕೊಂಡು ಎಲ್ಲ ಚೀಟಿ ಓದಿ, ಆ ಬುಧವಾರದ್ದನ್ನು ಮತ್ತೆ ಮೇಲಕ್ಕೆ ತೆಗೆದರು. "ನಿಂತುಕೊಂಡು ಯಾಕಮ್ಮ?" ಅಂದರು.